ಸೋಸದ ಹೊಗೆ

ನೀರನ್ನು ಸೋಸಿ ಕುಡಿಯುವುದು ಶ್ರಾವಕರ ಮನೆಗಳ ಹಳೆಯ ಆಚಾರ. ಅದೇ ಮನೆಯ ಅಂಗಳದಲ್ಲಿ ಕಾರಿನ ಹೊಗೆಯನ್ನು ಶೋಧಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಬಿಚ್ಚಿ, ಬರಿಯ ಕೊಳವೆಯನ್ನು ಬೆಸೆದರೆ ಆ ಆಚಾರಕ್ಕೆ ಅರ್ಥವೇನು ಉಳಿಯಿತು? ಹುಬ್ಬಳ್ಳಿಯ ದೊಡ್ಡ ಕಾರ್ಯಾಗಾರಕ್ಕೆ ಹೋಗುವ ಖರ್ಚು ಉಳಿಯಿತೆಂಬ ಪ್ರಲೋಭನೆಯು ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡದಂತಹ ಊರುಗಳಲ್ಲಿ ಸಹಜವೇ. ಆದರೂ ಈ ಕಾರ್ಯವು ವಿಮರ್ಶೆಗೆ ಅರ್ಹವಾಗಿದೆ.

ಕನ್ವರ್ಟರಿನೊಳಗಿನ ಸೂಕ್ಷ್ಮ ರಂಧ್ರಗಳ ಪಿಂಗಾಣಿಯ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳ ತೆಳುಲೇಪವಿರುತ್ತದೆ. ಕಾರ್ಬನ್ ಮೊನಾಕ್ಸೈಡ್, ಉರಿಯದೆ ಉಳಿದ ಇಂಧನದ ಆವಿ ಮತ್ತು ನೈಟ್ರೋಜನ್ ಆಕ್ಸೈಡುಗಳು ಅಲ್ಲಿ ಬಹುಮಟ್ಟಿಗೆ ನಿರ್ವಿಷವಾಗುತ್ತವೆ. ನಮ್ಮ ದೇಶದಲ್ಲಿ 1995ರ ಏಪ್ರಿಲ್‌ನಿಂದ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಇದು ಮೊದಲು ಕಡ್ಡಾಯವಾಯಿತು.

ಇದನ್ನು ತೆಗೆದರೆ ಎಳೆತ ಹೆಚ್ಚುತ್ತದೆ, ಹೊಗೆ ತಪಾಸಣೆಯ ಪತ್ರವೂ ದೊರೆಯುತ್ತದೆ ಎಂಬುದು ಸಮರ್ಥಕರ ವಾದ. ಕಟ್ಟಿಕೊಂಡ ಕನ್ವರ್ಟರು ಇಂಜಿನ್ನನ್ನು ಉಸಿರುಗಟ್ಟಿಸುವುದು ನಿಜ. ಆದರೆ ಅದು ಕೆಡಲು ಕಾರಣವು ಹಲವು ಸಲ ಸ್ಪಾರ್ಕ್ ಪ್ಲಗ್ಗಿನ ದೋಷದಲ್ಲಿಯೋ, ಆಯಿಲ್ ಉರಿಯುವುದರಲ್ಲಿಯೋ ಇರುತ್ತದೆ. ಮೂಲವನ್ನು ಸರಿಪಡಿಸದಿದ್ದರೆ ಹೊಸದಾಗಿ ಕೂಡಿಸಿದ್ದೂ ಕೆಡುತ್ತದೆ. ಇನ್ನು ತಪಾಸಣೆಯ ಮಾತು. ಪೆಟ್ರೋಲ್ ಕಾರಿನ ಆ ತಪಾಸಣೆಯಲ್ಲಿ ನೈಟ್ರೋಜನ್ ಆಕ್ಸೈಡುಗಳನ್ನು ಅಳೆಯುವುದೇ ಇಲ್ಲ. ಆದುದರಿಂದ ಪತ್ರ ದೊರೆತ ಮಾತ್ರಕ್ಕೆ ವಾಹನವು ನಿರ್ದೋಷಿಯಾಗದು.

ಈ ವಿಷಯವು ಅಹಿಂಸೆಗೆ ಮಾತ್ರ ಸಂಬಂಧಿಸಿದ್ದಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಅಮೂಲ್ಯ ಲೋಹಗಳ ಆಸೆಯಿಂದ ಕನ್ವರ್ಟರುಗಳ ಕಳವು ನಡೆಯುತ್ತಿರುವ ಈ ಕಾಲದಲ್ಲಿ, ಮೂಲವನ್ನು ವಿಚಾರಿಸದೆ ಅಗ್ಗದ ಹಳೆಯ ಕನ್ವರ್ಟರನ್ನು ಕೊಳ್ಳುವವನು ತದಾಹೃತಾದಾನಕ್ಕೆ, ಅಂದರೆ ಕದ್ದ ಮಾಲನ್ನು ಸ್ವೀಕರಿಸುವ ದೋಷಕ್ಕೆ, ಎಡೆಗೊಡುತ್ತಾನೆ. ಒಳಗೆ ಲೇಪವೇ ಇಲ್ಲದ ಡಬ್ಬಿಯನ್ನು ಅಸಲಿಯೆಂದು ಮಾರುವುದು ಪ್ರತಿರೂಪಕ ವ್ಯವಹಾರ. ಕಾಯಿದೆಯನ್ನು ಮೀರುವುದು ವಿರುದ್ಧರಾಜ್ಯಾತಿಕ್ರಮ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡನ್ನು ತಡೆಯುತ್ತದೆ. ಮಾಲಿನ್ಯದ ಮಿತಿ ಮೀರಿದ ವಾಹನವನ್ನು ಓಡಿಸಿದವರಿಗೆ 2019ರ ತಿದ್ದುಪಡಿಯ ನಂತರ 10,000 ರೂಪಾಯಿಗಳವರೆಗೆ ದಂಡ, ಮೂರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ ಉಂಟು.

ಸ್ಪ್ಯಾನರ್ ಹಿಡಿದವನು ಮೆಕ್ಯಾನಿಕನೇ ಹೊರತು ಮಾಲಿಕನಲ್ಲವೆಂದು ನುಣುಚಿಕೊಳ್ಳುವಂತೆಯೂ ಇಲ್ಲ. ಕೃತ, ಕಾರಿತ, ಅನುಮೋದಿತಗಳೆಂಬ ಮೂರರಲ್ಲಿ ಮಾಡಿಸಿದವನಿಗೂ, ಒಪ್ಪಿದವನಿಗೂ ಪಾಲಿದೆ. ದೇವಾಲಯದ ಟ್ರಸ್ಟುಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಜೋಯಿಡಾದಿಂದ ಅಣಶಿ ಘಟ್ಟದ ಮೂಲಕ ಕಾರವಾರಕ್ಕೆ ಇಳಿಯುವ ರಸ್ತೆಯು ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಹಾದುಹೋಗುತ್ತದೆ. ಮೂಡುಬಿದಿರೆ, ಕಾರ್ಕಳಗಳ ದರ್ಶನಕ್ಕೆ ಆ ದಾರಿಯಲ್ಲಿ ಹೊರಟ ಯಾತ್ರಾವಾಹನವು ಸೋಸದ ಹೊಗೆಯನ್ನು ಕಾಡಿಗೆ ಉಗುಳುತ್ತ ಹೋದರೆ ಆ ಯಾತ್ರೆಯ ಪುಣ್ಯವು ಎಷ್ಟರದು?

ಕೆಟ್ಟ ಕನ್ವರ್ಟರನ್ನು ಬದಲಿಸುವುದರಲ್ಲಿ ದೋಷವಿಲ್ಲ. ಕಾರಣವನ್ನು ಪರೀಕ್ಷಿಸಿ, ಆ ವಾಹನಕ್ಕೆ ಗೊತ್ತಾದ ಬಿಡಿಭಾಗವನ್ನೇ ರಸೀದಿಯೊಡನೆ ಕೊಂಡು, ತಿಳಿದವರ ಕೈಯಿಂದ ಕೂಡಿಸಬೇಕು. ಟ್ರಸ್ಟುಗಳು ಆ ರಸೀದಿಯನ್ನು ಲೆಕ್ಕಪತ್ರದೊಂದಿಗೆ ಇಟ್ಟರೆ ಮುಂದಿನ ಕಾರ್ಯದರ್ಶಿಗಳಿಗೂ ದಾರಿ ತಿಳಿಯುತ್ತದೆ.