ತಪ್ಪು ಬೆರಳಿನದಲ್ಲ

ಗಿಟಾರ್ ಕಲಿಯಲು ಹೊರಟವರು ಎಲ್ಲಿ ಕೈಬಿಡುತ್ತಾರೆ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಸಿದ್ಧವಾಗಿದೆ: ಎಫ್ ಕಾರ್ಡ್‌ನಲ್ಲಿ. ಇ, ಎ, ಡಿ, ಜಿ, ಸಿ ಹೇಗೋ ಕೈಗೆ ಹತ್ತುತ್ತವೆ. ಮೊದಲ ಎರಡು ವಾರ ಬೆರಳ ತುದಿ ಉರಿಯುತ್ತದೆ, ತಿಂಗಳಾಗುವಷ್ಟರಲ್ಲಿ ಜಡ್ಡುಗಟ್ಟುತ್ತದೆ, ಒಂದೆರಡು ಹಾಡಿಗೆ ತಾಳ ಹಾಕುವಷ್ಟು ಧೈರ್ಯವೂ ಬರುತ್ತದೆ. ಆಮೇಲೆ ಎದುರಾಗುತ್ತದೆ ಎಫ್. ತೋರುಬೆರಳನ್ನು ಮೊದಲ ಫ್ರೆಟ್ ಬಳಿ ಅಡ್ಡಕ್ಕೆ ಮಲಗಿಸಿ ಆರೂ ತಂತಿಗಳನ್ನು ಒಟ್ಟಿಗೆ ಅದುಮಬೇಕು, ಉಳಿದ ಮೂರು ಬೆರಳು ಅದರ ಮುಂದೆ ತಮ್ಮ ತಮ್ಮ ಜಾಗ ಹಿಡಿಯಬೇಕು. ಮೀಟಿದರೆ ಎರಡು ತಂತಿ ನುಡಿಯುತ್ತವೆ, ನಾಲ್ಕು ಠಪ್ಪೆಂದು ಸಾಯುತ್ತವೆ. ಒಂದು ತಿಂಗಳು ಇದೇ ಪಾಡು. ಕೊನೆಗೆ ‘ನನ್ನ ಬೆರಳು ಗಿಡ್ಡ’ ಎಂಬ ತೀರ್ಮಾನ. ಗಿಟಾರ್ ಮಂಚದಡಿಗೆ.

ನನ್ನದೂ ಹಾಗೇ ಹೋಗಿತ್ತು. ಶಿವಮೊಗ್ಗದಲ್ಲಿ ಪದವಿ ಓದುವಾಗ ಕೊಂಡದ್ದು. ‘ಹೊಸದರಲ್ಲಿ ಎಲ್ಲರಿಗೂ ನೋಯುತ್ತೆ, ಒತ್ತಿ ಒತ್ತಿ ಸರಿಹೋಗುತ್ತೆ’ ಎಂದು ಅಂಗಡಿಯವರು ಹೇಳಿ ಕಳಿಸಿದ್ದರು. ಆರು ತಿಂಗಳು ಒತ್ತಿದೆ, ಸರಿಹೋಗಲಿಲ್ಲ. ಹನ್ನೊಂದು ವರ್ಷ ಅದು ಹಳೆಯ ಹೊದಿಕೆ ಸುತ್ತಿಕೊಂಡು ಬಿದ್ದಿತ್ತು. ಮಾರಿಬಿಡೋಣ, ಅದಕ್ಕೂ ಮುಂಚೆ ಒಂದು ಬೆಲೆ ಕೇಳೋಣ ಎಂದು ಮೈಸೂರಿನಲ್ಲಿ ವೀಣೆ, ಪಿಟೀಲು ರಿಪೇರಿ ಮಾಡುವ ಹಿರಿಯರೊಬ್ಬರ ಹತ್ತಿರ ಒಯ್ದೆ. ಅವರು ಅದನ್ನು ನುಡಿಸಲೇ ಇಲ್ಲ. ತೊಡೆಯ ಮೇಲಿಟ್ಟುಕೊಂಡು, ಮೂರನೇ ಫ್ರೆಟ್ ಹತ್ತಿರ ಒಂದು ತಂತಿ ಒತ್ತಿ, ಕಣ್ಣನ್ನು ಗಿಟಾರಿನ ಕತ್ತಿನ ಮಟ್ಟಕ್ಕೆ ಇಳಿಸಿ ನೋಡಿದರು. ‘ಇದನ್ನ ಯಾರು ನುಡಿಸೋಕಾಗುತ್ತೆ’ ಎಂದು ತಮಗೇ ಹೇಳಿಕೊಂಡವರಂತೆ ಗೊಣಗಿ, ಡಬ್ಬಿಯಿಂದ ಸಣ್ಣ ಅರ ತೆಗೆದರು. ಅರ್ಧ ಗಂಟೆ ಉಜ್ಜಿದರು. ಎರಡು ಉಜ್ಜು, ತಂತಿ ಕೂರಿಸು, ನೋಡು, ಮತ್ತೆ ಒಂದು ಉಜ್ಜು. ‘ಈಗ ಒತ್ತಿ ನೋಡಿ’ ಎಂದು ಕೈಗೆ ಕೊಟ್ಟರು. ಎಫ್ ಹಿಡಿದೆ. ಆರೂ ತಂತಿ ನುಡಿದವು. ಬೆರಳು ಅದೇ, ಹನ್ನೊಂದು ವರ್ಷ ಅಭ್ಯಾಸವೇ ತಪ್ಪಿದ ಬೆರಳು.

ಅವತ್ತು ಖುಷಿಗಿಂತ ಹೆಚ್ಚಾಗಿ ದುಃಖವಾಯಿತು. ಅರ್ಧ ಗಂಟೆಯ ಕೆಲಸಕ್ಕೆ ಹನ್ನೊಂದು ವರ್ಷ ಕಳೆದಿದ್ದೆ. ಆ ದಿನದಿಂದ ಗಿಟಾರ್ ಕಲಿಯುತ್ತೇನೆ ಎಂದು ಯಾರೇ ಬಂದರೂ ನಾನು ಮೊದಲು ಅವರ ಕೈ ನೋಡುವುದಿಲ್ಲ, ವಾದ್ಯ ನೋಡುತ್ತೇನೆ.

ಆ ಹಿರಿಯರು ನೋಡಿದ್ದೇನು? ಬಿರಡೆಗಳಿರುವ ತಲೆಭಾಗದ ಬುಡದಲ್ಲಿ ತಂತಿಗಳು ಹಾದುಬರುವ ಒಂದು ಬಿಳಿ ಪಟ್ಟಿ ಇರುತ್ತದೆ, ಮೂಳೆಯದ್ದೋ ಪ್ಲಾಸ್ಟಿಕ್ಕಿನದ್ದೋ. ಅದೇ ನಟ್. ಅದರಲ್ಲಿ ಆರು ಕಚ್ಚುಗಳು, ಒಂದೊಂದರಲ್ಲಿ ಒಂದೊಂದು ತಂತಿ. ಕಚ್ಚು ಆಳ ಸಾಲದಿದ್ದರೆ ತಂತಿ ಮೊದಲ ಫ್ರೆಟ್‌ನಿಂದ ತೀರ ಎತ್ತರದಲ್ಲಿ ಹಾಯುತ್ತದೆ. ಪರೀಕ್ಷೆ ಸುಲಭ. ತಂತಿಯನ್ನು ಮೂರನೇ ಫ್ರೆಟ್‌ಗೆ ತಾಗುವಂತೆ ಒತ್ತಿ ಹಿಡಿದು, ಮೊದಲ ಫ್ರೆಟ್‌ನ ಮೇಲೆ ಎಷ್ಟು ಸಂದು ಉಳಿದಿದೆ ನೋಡಿ. ಒಂದು ಹಾಳೆ ತೂರುವಷ್ಟು ಇದ್ದರೆ ಸಾಕು. ಅಲ್ಲಿ ಎ.ಟಿ.ಎಂ. ಕಾರ್ಡ್ ಸಲೀಸಾಗಿ ತೂರುತ್ತದೆ ಎಂದಾದರೆ ಆ ಗಿಟಾರ್ ಇನ್ನೂ ನುಡಿಸುವ ಸ್ಥಿತಿಗೆ ಬಂದಿಲ್ಲ. ಕೇಪೋ (ಆರೂ ತಂತಿಗಳನ್ನು ಒಟ್ಟಿಗೆ ಅದುಮಿ ಹಿಡಿಯುವ ಕ್ಲಿಪ್ಪು) ಇದ್ದರೆ ಇನ್ನೊಂದು ಪರೀಕ್ಷೆ: ಮೊದಲ ಫ್ರೆಟ್‌ಗೆ ಕೇಪೋ ಹಾಕಿ, ಎಫ್‌ನ ಅದೇ ಹಿಡಿತವನ್ನು ಎರಡನೇ ಫ್ರೆಟ್‌ನಲ್ಲಿ ಹಿಡಿಯಿರಿ. ಇದ್ದಕ್ಕಿದ್ದಂತೆ ಹಗುರವಾಯಿತೇ? ಹಾಗಿದ್ದರೆ ಅಪರಾಧಿ ನಟ್.

ಅಗ್ಗದ ಗಿಟಾರುಗಳಲ್ಲಿ ಈ ದೋಷ ಇಷ್ಟು ಸಾಮಾನ್ಯವಾಗಲು ಕಾರಣವಿದೆ. ಕಚ್ಚು ಒಂದು ಕೂದಲೆಳೆ ಆಳವಾದರೂ ತೆರೆದ ತಂತಿ ಫ್ರೆಟ್‌ಗೆ ಬಡಿದು ಜುಯ್‌ಗುಡುತ್ತದೆ. ಕೊಳ್ಳಲು ಬಂದವರಿಗೆ ಆ ಸದ್ದು ತಕ್ಷಣ ಕೇಳಿಸುತ್ತದೆ. ಎತ್ತರದ ನಟ್ ಮಾತ್ರ ಸದ್ದು ಮಾಡುವುದಿಲ್ಲ, ನೋವು ಕೊಡುತ್ತದೆ ಅಷ್ಟೆ. ಹೊಸಬರು ಆ ನೋವನ್ನು ತಮ್ಮ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ.

ಎರಡನೆಯದು ಕುದುರೆಯ ಕಡೆಯ ಎತ್ತರ. ವೀಣೆಯವರ ಕುದುರೆಯೇ ಗಿಟಾರಿನ ಬ್ರಿಜ್, ಅದರ ಮೇಲೆ ನಿಂತ ಪಟ್ಟಿ ಸ್ಯಾಡಲ್. ಶಾಲೆಯ ಸ್ಕೇಲನ್ನು ಹನ್ನೆರಡನೇ ಫ್ರೆಟ್ ಮೇಲೆ ನಿಲ್ಲಿಸಿ ಅಳೆಯಿರಿ. ಉಕ್ಕಿನ ತಂತಿಯ ಗಿಟಾರಿನಲ್ಲಿ ದಪ್ಪ ತಂತಿ ಸುಮಾರು 2.5 ಮಿಲಿಮೀಟರ್, ಸಣ್ಣದು 2 ಮಿಲಿಮೀಟರ್‌ನ ಆಸುಪಾಸಿನಲ್ಲಿದ್ದರೆ ಕೈಗೆ ಹಿತ. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿನಲ್ಲಿ 4 ಮತ್ತು 3 ಇದ್ದರೂ ನಡೆಯುತ್ತದೆ, ಅದರ ಬಿಗಿತವೇ ಕಡಿಮೆ. ಸ್ಯಾಡಲ್ ತೆಗೆದು ಅದರ ತಳವನ್ನು ಉಪ್ಪುಕಾಗದದ ಮೇಲೆ ಉಜ್ಜಿ ತಗ್ಗಿಸಬಹುದು, ಮನೆಯಲ್ಲೇ. ನಟ್ ಮಾತ್ರ ಬಲ್ಲವರ ಕೈಗೆ ಕೊಡಿ. ಅಲ್ಲಿ ಉಜ್ಜಿದ್ದನ್ನು ಮತ್ತೆ ಕೂಡಿಸಲಾಗದು.

ನಟ್, ಸ್ಯಾಡಲ್ ಇವೆರಡರ ನಡುವೆ ಕತ್ತಿನೊಳಗೆ ಹುದುಗಿರುವ ಉಕ್ಕಿನ ಸರಳೊಂದಿದೆ, ಟ್ರಸ್ ರಾಡ್. ಗಿಬ್ಸನ್ ಕಂಪನಿಯಲ್ಲಿದ್ದ ಥ್ಯಾಡಿಯಸ್ ಮೆಕ್‌ಹ್ಯೂ ಅವರಿಗೆ 1923ರಲ್ಲಿ ಅದರ ಪೇಟೆಂಟ್ ದೊರೆಯಿತು. ಅದು ಏಕೆ ಬೇಕು ಎಂದರೆ, ಸಾಮಾನ್ಯ 12–53 ಅಳತೆಯ ಆರು ಉಕ್ಕಿನ ತಂತಿಗಳು ಸೇರಿ ಹಗಲಿರುಳು ಸುಮಾರು 73 ಕಿಲೋ ಭಾರದಷ್ಟು ಬಲದಿಂದ ಕತ್ತನ್ನು ಮುಂದಕ್ಕೆ ಎಳೆಯುತ್ತಿರುತ್ತವೆ. ಒಬ್ಬ ಆಳು ನೇತುಬಿದ್ದಷ್ಟು. ಸರಳು ಅದಕ್ಕೆ ಎದುರೆಳೆತ. ಮೊದಲ ಫ್ರೆಟ್ ಮತ್ತು ಕತ್ತು ಒಡಲನ್ನು ಸೇರುವಲ್ಲಿನ ಫ್ರೆಟ್ ಎರಡನ್ನೂ ಒತ್ತಿ ಹಿಡಿದಾಗ ಏಳನೇ ಫ್ರೆಟ್ ಬಳಿ ವಿಸಿಟಿಂಗ್ ಕಾರ್ಡಿನ ದಪ್ಪದಷ್ಟು ಸಂದು ಇರಬೇಕು. ಹೆಚ್ಚು ಕಡಿಮೆ ಇದ್ದರೆ ಒಮ್ಮೆಗೆ ಕಾಲು ಸುತ್ತು ಮಾತ್ರ ತಿರುಗಿಸಿ, ಒಂದು ದಿನ ಬಿಟ್ಟು ನೋಡಿ. ತಂತಿಯ ಎತ್ತರ ಇಳಿಸಲು ಇದನ್ನೇ ತಿರುಗಿಸುವವರಿದ್ದಾರೆ. ಅದು ಆ ಸರಳಿನ ಕೆಲಸವಲ್ಲ.

ಬಿಗಿತದ ಮಾತು ಬಂದಾಗ ಒಂದು ಸಂಗತಿ ಹೇಳಲೇಬೇಕು. ಪರಿಚಿತರ ಮಗಳೊಬ್ಬಳ ನೈಲಾನ್ ಗಿಟಾರಿಗೆ ‘ಸದ್ದು ಜೋರಾಗುತ್ತೆ’ ಎಂದು ಯಾರೋ ಉಕ್ಕಿನ ತಂತಿ ಹಾಕಿಕೊಟ್ಟಿದ್ದರು. ಒಂದೇ ಮಳೆಗಾಲಕ್ಕೆ ಕುದುರೆ ಮೇಲ್ಹಲಗೆಯ ಸಿಪ್ಪೆಯ ಸಮೇತ ಕಿತ್ತು ಬಂತು. ನೈಲಾನಿಗೆಂದು ಮಾಡಿದ ಒಡಲು ಉಕ್ಕಿನ ತಂತಿಯ ಸೆಳೆತ ತಡೆಯುವುದಿಲ್ಲ, ಬಹಳಷ್ಟು ಕ್ಲಾಸಿಕಲ್ ಗಿಟಾರುಗಳ ಕತ್ತಿನಲ್ಲಿ ಆ ಸರಳೂ ಇರುವುದಿಲ್ಲ. ಆ ಹುಡುಗಿ ಅತ್ತದ್ದು ನನ್ನ ಕಣ್ಣ ಮುಂದೆಯೇ.

ಮಳೆಗಾಲ ನಮ್ಮ ಸೀಮೆಯಲ್ಲಿ ಗಿಟಾರಿಗೆ ದೊಡ್ಡ ಪರೀಕ್ಷೆ. ಗಿಟಾರಿನ ಮರಕ್ಕೆ ಹಿತವಾದ ತೇವಾಂಶ ಶೇಕಡ 45ರಿಂದ 55. ಸಾಗರದಲ್ಲೋ ಮಂಗಳೂರಿನಲ್ಲೋ ಜುಲೈ ತಿಂಗಳು ಅದರ ಹತ್ತಿರಕ್ಕೂ ಸುಳಿಯುವುದಿಲ್ಲ. ಮೇಲ್ಹಲಗೆ ನೀರು ಕುಡಿದು ಉಬ್ಬುತ್ತದೆ, ಕುದುರೆ ಮೇಲೇಳುತ್ತದೆ, ಮೇ ತಿಂಗಳಲ್ಲಿ ಬೆಣ್ಣೆಯಂತಿದ್ದ ಗಿಟಾರ್ ಆಗಸ್ಟ್‌ನಲ್ಲಿ ಒರಟಾಗುತ್ತದೆ. ಮಲೆನಾಡಿನ ಹಳೆಯ ಮನೆಗಳಲ್ಲಿ ಬೆಚ್ಚಗಿಡಬೇಕಾದ್ದನ್ನೆಲ್ಲ ಒಲೆಯ ಮೇಲಿನ ಅಟ್ಟಕ್ಕೆ ಏರಿಸುವ ರೂಢಿಯಿದೆ. ಗಿಟಾರನ್ನು ಏರಿಸಬೇಡಿ. ಆ ಶಾಖಕ್ಕೆ ಒಣಗಿ ಸೀಳುತ್ತದೆ. ಮುಚ್ಚುವ ಪೆಟ್ಟಿಗೆಯಲ್ಲಿ ನಾಲ್ಕಾರು ಸಿಲಿಕಾ ಜೆಲ್ ಪೊಟ್ಟಣ ಹಾಕಿಟ್ಟು, ತಿಂಗಳಿಗೊಮ್ಮೆ ಬದಲಿಸಿದರೆ ಸಾಕು. ಹೊರಗೋಡೆಗೆ ನೇತುಹಾಕುವುದೂ ಬೇಡ, ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡುವುದಂತೂ ಬೇಡವೇ ಬೇಡ, ಅಂಟು ಮೆತ್ತಗಾಗುತ್ತದೆ.

ರಾಯಚೂರು, ಕಲಬುರಗಿಯವರಿಗೆ ತೊಂದರೆ ತಿರುಗುಮುರುಗು. ಏಪ್ರಿಲ್‌ನಲ್ಲಿ ಕತ್ತಿನ ಅಂಚಿಗೆ ಕೈ ಸವರಿದರೆ ಫ್ರೆಟ್‌ಗಳ ತುದಿ ಚುಚ್ಚುತ್ತವೆ. ಫ್ರೆಟ್ ಬೆಳೆದದ್ದಲ್ಲ, ಬೆರಳುಹಲಗೆಯ ಮರ ಕುಗ್ಗಿದ್ದು. ಆ ಮರ ಎಷ್ಟೋ ಗಿಟಾರುಗಳಲ್ಲಿ ನಮ್ಮದೇ ಬೀಟೆ. ಅಮೆರಿಕದ ಮಾರ್ಟಿನ್ ಕಂಪನಿ ಬ್ರೆಜಿಲ್‌ನ ರೋಸ್‌ವುಡ್ ದಿಮ್ಮಿ ಸಿಗುವುದು ಕಷ್ಟವಾದಾಗ, 1969ರಲ್ಲಿ, ಭಾರತದ ರೋಸ್‌ವುಡ್‌ಗೆ ಹೊರಳಿತು. ಪಶ್ಚಿಮಘಟ್ಟದ, ಕೊಡಗಿನ ಕಾಫಿ ತೋಟಗಳ ನೆರಳಿನ ಆ ಕಪ್ಪುಗೆಂಪು ಮರವೇ ಅದು. ಲೋಕದ ಎಷ್ಟೋ ಒಳ್ಳೆಯ ಗಿಟಾರುಗಳ ಬೆನ್ನಿನಲ್ಲಿ ಬೀಟೆಯ ಗೆರೆ ಕಾಣುವಾಗ ನನಗೆ ಊರಿನವರು ಸಿಕ್ಕಷ್ಟು ಸಂತೋಷ. 2017ರಿಂದ ಇಡೀ ಆ ಮರದ ಕುಲವೇ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿದೆ. ಸಿದ್ಧ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು. ಮನೆಯಲ್ಲಿರುವ ಬೀಟೆಯನ್ನು ಒಣಗಿಸಿ ಸಾಯಿಸಬಾರದು. ವರ್ಷಕ್ಕೆ ಒಂದೆರಡು ಸಲ, ತಂತಿ ಬದಲಿಸುವಾಗ, ಬೆರಳುಹಲಗೆಗೆಂದೇ ಮಾರುವ ಎಣ್ಣೆಯನ್ನು ಎರಡು ಹನಿ ಸವರಿ ಒರೆಸಿ. ತೆಂಗಿನೆಣ್ಣೆ ಹಚ್ಚಬೇಡಿ, ಕಮಟುತ್ತದೆ.

ತಂತಿಯ ವಿಷಯ ಎರಡೇ ಮಾತು. ನುಡಿಸಿದ ಮೇಲೆ ಒಣ ಹತ್ತಿಬಟ್ಟೆಯಿಂದ ತಂತಿಯ ಮೇಲೂ ಕೆಳಗೂ ಒರೆಸಿ, ಬೆವರು ಅದನ್ನು ತಿನ್ನುತ್ತದೆ. ದಿನಾ ನುಡಿಸುವವರು ಎರಡು ಮೂರು ತಿಂಗಳಿಗೊಮ್ಮೆ ಬದಲಿಸಿ. ಹಳೆಯ ತಂತಿ ಕಪ್ಪಾಗುವ ಮುಂಚೆಯೇ ಶ್ರುತಿ ನಿಲ್ಲಿಸುವುದನ್ನು ಬಿಟ್ಟಿರುತ್ತದೆ.

ಶ್ರುತಿಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ತಂಬೂರಿ ಕೇಳಿ ಬೆಳೆದ ಕಿವಿ ಗಿಟಾರಿನೊಂದಿಗೆ ಜಗಳಕ್ಕೆ ಬೀಳುತ್ತದೆ. ಇ ಕಾರ್ಡ್ ಹಿಡಿದು ಮೀಟಿ. ಮೂರನೇ ತಂತಿಯ ಮೊದಲ ಫ್ರೆಟ್ ಅದರ ಗಾಂಧಾರ. ನಮ್ಮ ಕಿವಿಗೆ ಅದು ತುಸು ಏರಿದಂತೆ ಕೇಳುತ್ತದೆ, ಕಿವಿ ಹೇಳುವುದು ನಿಜ: ತಂಬೂರಿಯ ಷಡ್ಜದಿಂದ ತಾನಾಗಿ ಹೊಮ್ಮುವ ಅಂತರ ಗಾಂಧಾರಕ್ಕಿಂತ ಅದು ಅರ್ಧಸ್ವರದ ಏಳನೇ ಒಂದು ಪಾಲಿನಷ್ಟು ಮೇಲಿದೆ. ಸರಿ, ಮೂರನೇ ತಂತಿಯನ್ನು ಸ್ವಲ್ಪ ಇಳಿಸಿದಿರಿ ಎನ್ನಿ. ಇ ಕಾರ್ಡ್ ಹಾಲಿನಂತೆ ಬೆರೆಯಿತು. ಈಗ ಸಿ ಕಾರ್ಡ್ ಹಿಡಿಯಿರಿ. ಅಲ್ಲಿ ಅದೇ ಮೂರನೇ ತಂತಿ ತೆರೆದು ನುಡಿದು ಪಂಚಮವಾಗುತ್ತದೆ, ಇಳಿದು ಅಳುತ್ತದೆ. ಅದನ್ನು ತಿದ್ದಿದರೆ ಇದು ಕೆಟ್ಟಿತು.

ಫ್ರೆಟ್‌ಗಳ ಲೆಕ್ಕವೇ ಹಾಗಿದೆ. ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿ, ಉಳಿದ ತಂತಿಯ ಉದ್ದವನ್ನು ಪ್ರತಿ ಸಲ 17.817ರಿಂದ ಭಾಗಿಸಿ ಮುಂದಿನ ಫ್ರೆಟ್ ಕೂರಿಸುತ್ತಾರೆ. ಹತ್ತೊಂಬತ್ತನೇ ಶತಮಾನದಲ್ಲಿ ಸ್ಪೇನಿನ ಅಂಟೋನಿಯೋ ಡಿ ಟೊರೆಸ್ ನೆಲೆಗೊಳಿಸಿದ 650 ಮಿಲಿಮೀಟರ್ ತಂತಿಯಲ್ಲಿ ಮೊದಲ ಫ್ರೆಟ್ ಬರುವುದು ನಟ್‌ನಿಂದ 36.5 ಮಿಲಿಮೀಟರ್‌ಗೆ, ಹನ್ನೆರಡನೆಯದು ಸರಿಯಾಗಿ ನಡುವೆ, 325ಕ್ಕೆ. ಲ್ಯೂಟ್ ವಾದ್ಯಕ್ಕೆ 18ರಿಂದ ಭಾಗಿಸುವ ಸುಲಭ ಲೆಕ್ಕವನ್ನು ಹದಿನಾರನೇ ಶತಮಾನದಲ್ಲೇ ಬರೆದಿಟ್ಟವರು ವಿನ್ಸೆಂಜೊ ಗೆಲಿಲಿ, ವಿಜ್ಞಾನಿ ಗೆಲಿಲಿಯೋನ ತಂದೆ. ವೀಣೆಯ 24 ಮೆಟ್ಟಿಲುಗಳು ಮೇಣದ ಮೇಲೆ ಕೂತಿರುತ್ತವೆ, ಮೇಳ ಕಟ್ಟುವವರು ಕಿವಿಗೆ ತಕ್ಕಂತೆ ಕೂದಲಷ್ಟು ಸರಿಸುತ್ತಾರೆ. ಗಿಟಾರಿನ ಫ್ರೆಟ್ ಮರಕ್ಕೆ ಬಡಿದದ್ದು. ಎಲ್ಲ ಕಾರ್ಡ್‌ಗಳೂ ಸಮನಾಗಿ ಒಂದಿಷ್ಟು ಬಿಟ್ಟುಕೊಟ್ಟು ಬದುಕುವ ಒಪ್ಪಂದ ಅದು. ಟ್ಯೂನರ್ ಹೇಳಿದಲ್ಲಿ ನಿಲ್ಲಿಸಿ.

ಒಪ್ಪಂದ ಬೇಡವೆಂದವರು ಬೇರೆ ದಾರಿ ಹಿಡಿದರು. ಬ್ರಿಜ್‌ಭೂಷಣ್ ಕಾಬ್ರಾ ಫ್ರೆಟ್‌ಗಳನ್ನು ಮರೆತು ಉಕ್ಕಿನ ಸರಳನ್ನು ತಂತಿಯ ಮೇಲೆ ಜಾರಿಸಿದರು. ಶಿವಕುಮಾರ ಶರ್ಮ, ಹರಿಪ್ರಸಾದ್ ಚೌರಾಸಿಯಾ ಜೊತೆ 1967ರಲ್ಲಿ ಬಂದ ‘ಕಾಲ್ ಆಫ್ ದಿ ವ್ಯಾಲಿ’ ಧ್ವನಿಮುದ್ರಿಕೆಯಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಹರಿಯುವುದನ್ನು ಕೇಳಿ. ಆಮೇಲೆ ವಿಶ್ವಮೋಹನ ಭಟ್ಟರು, ನಮ್ಮ ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆ ಅದೇ ದಾರಿಯಲ್ಲಿ ನಡೆದರು. ಸುಕುಮಾರ್ ಪ್ರಸಾದ್, ಆರ್. ಪ್ರಸನ್ನ ಫ್ರೆಟ್ ಉಳಿಸಿಕೊಂಡೇ ತಂತಿಯನ್ನು ವೀಣೆಯಂತೆ ಪಕ್ಕಕ್ಕೆಳೆದು ಗಮಕ ತಂದರು. ಕಲಿಯುವವರು ಇವರನ್ನು ಮೊದಲ ವರ್ಷದಲ್ಲೇ ಕೇಳಬೇಕು ಎಂಬುದು ನನ್ನ ಹಟ.

ಅಂದಹಾಗೆ, ಶ್ರುತಿಗೂ ಆ ನಟ್‌ಗೂ ನಂಟಿದೆ. ನಟ್ ಎತ್ತರವಿದ್ದರೆ ಮೊದಲ ಫ್ರೆಟ್‌ಗೆ ಒತ್ತುವಾಗ ತಂತಿ ಹೆಚ್ಚು ಜಗ್ಗಿ ಸ್ವರ ಏರುತ್ತದೆ. ತೆರೆದ ತಂತಿ ಆರೂ ಟ್ಯೂನರ್‌ಗೆ ಸರಿಯಾಗಿದ್ದರೂ ಎಫ್ ಬೇಸುರಾಗುವುದು ಇದಕ್ಕೇ. ಪಾಪ, ಎಷ್ಟು ಮಕ್ಕಳು ‘ನನಗೆ ಸಂಗೀತದ ಕಿವಿ ಇಲ್ಲ’ ಎಂದುಕೊಂಡು ಬಿಟ್ಟಿದ್ದಾರೋ.

ಅಭ್ಯಾಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಭಾನುವಾರ ಮೂರು ಗಂಟೆ ಕೂರುವುದಕ್ಕಿಂತ ದಿನಾ ಇಪ್ಪತ್ತು ನಿಮಿಷ ಕೂತರೆ ಹೆಚ್ಚು ಹತ್ತುತ್ತದೆ. ಬೆರಳನ್ನು ಫ್ರೆಟ್‌ಗೆ ಆದಷ್ಟು ಹತ್ತಿರ ಊರಿ, ಅರ್ಧ ಬಲ ಉಳಿಯುತ್ತದೆ. ಎರಡು ಕಾರ್ಡ್‌ಗಳ ನಡುವೆ ಕೈ ಸರಿಯುವುದನ್ನು ತೀರ ನಿಧಾನದ ಲಯದಲ್ಲಿ, ಮೀಟು ನಿಲ್ಲದಂತೆ ಮಾಡಿ. ಎಡಗೈ ಹೆಬ್ಬೆರಳು ನೋಯುತ್ತಿದ್ದರೆ ಹಿಂಡುತ್ತಿದ್ದೀರಿ ಎಂದರ್ಥ, ಕೈ ಕೊಡವಿ ಮತ್ತೆ ಶುರು ಮಾಡಿ.

ನಿಮ್ಮ ಮನೆಯಲ್ಲೂ ಮಂಚದಡಿ ಒಂದು ಗಿಟಾರ್ ಇರಬಹುದು, ಮಗನದ್ದೋ ತಂಗಿಯದ್ದೋ ನಿಮ್ಮದೋ. ಈ ಭಾನುವಾರ ಹೊರಗೆ ತೆಗೆಯಿರಿ. ಧೂಳು ಒರೆಸಿ, ಕುದುರೆಯ ಅಂಚಿನಡಿ ಕಾಗದ ತೂರುತ್ತದೆಯೇ ನೋಡಿ. ತೂರಿದರೆ ಅಂಟು ಬಿಟ್ಟಿದೆ, ತಂತಿಗಳನ್ನು ಸಡಿಲಿಸಿ ರಿಪೇರಿಯವರಿಗೆ ಒಪ್ಪಿಸಿ. ತೂರದಿದ್ದರೆ ಹೊಸ ತಂತಿ ಹಾಕಿ, ಶ್ರುತಿ ಮಾಡಿ, ಮೂರನೇ ಫ್ರೆಟ್‌ನಲ್ಲಿ ಒತ್ತಿ, ಮೊದಲ ಫ್ರೆಟ್‌ನ ಮೇಲಿನ ಸಂದು ನೋಡಿ. ಅಲ್ಲಿ ಎ.ಟಿ.ಎಂ. ಕಾರ್ಡ್ ತೂರಿದರೆ, ಅವತ್ತು ಅದನ್ನು ಕೈಬಿಟ್ಟವರಿಗೆ ದಯವಿಟ್ಟು ಒಂದು ಫೋನ್ ಮಾಡಿ ಹೇಳಿ.