ನರಭಿನ್ನ ವಯಸ್ಕರ ಉದ್ಯೋಗ: ಮೌಲ್ಯಮಾಪನ ಪದ್ಧತಿಯ ಒಂದು ವಿಮರ್ಶೆ

ಮನುಷ್ಯನನ್ನು ಅಳೆಯುವ ಸಾಧನಗಳಿಗೂ ಒಂದು ಇತಿಹಾಸವುಂಟು. ಅವು ಯಾವ ಕಾಲದಲ್ಲಿ, ಯಾರ ಅನುಕೂಲಕ್ಕಾಗಿ, ಯಾವ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದವೆಂಬುದನ್ನು ಅರಿಯದೆ ಅವು ಕೊಡುವ ಅಂಕಿಗಳನ್ನು ನಂಬುವುದು, ಶಾಸನವನ್ನು ಬರೆಯಿಸಿದವನಾರೆಂದು ಕೇಳದೆ ಅದರೊಳಗಿನ ಪ್ರಶಸ್ತಿಯನ್ನು ನಂಬಿದಂತೆಯೇ ಸರಿ. ಸ್ವಲೀನತೆ, ಡಿಸ್ಲೆಕ್ಸಿಯಾ, ಎಡಿಎಚ್‌ಡಿ ಮೊದಲಾದ ಹೆಸರುಗಳಿಂದ ಗುರುತಿಸಲ್ಪಡುವ ವಯಸ್ಕರನ್ನು ಉದ್ಯೋಗದ ಸಂಬಂಧದಲ್ಲಿ ಪರೀಕ್ಷಿಸುವ ಹಾಗೂ ಬೆಂಬಲಿಸುವ ಪದ್ಧತಿಯು ನಮ್ಮಲ್ಲಿ ಹೇಗಿದೆಯೆಂಬುದನ್ನು ಈ ದೃಷ್ಟಿಯಿಂದ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ. ವೈದ್ಯಶಾಸ್ತ್ರದಲ್ಲಿ ನಮಗೆ ಅಧಿಕಾರವಿಲ್ಲ. ಕಾಯಿದೆ, ನಮೂನೆ, ದಫ್ತರ ಇವುಗಳನ್ನು ಓದುವ ಅಭ್ಯಾಸ ಮಾತ್ರ ನಮ್ಮದು.

ಮೊದಲು ಪದದ ವಿಚಾರ. ಮಿದುಳಿನ ವ್ಯಾಪಾರದಲ್ಲಿ ಮನುಷ್ಯರೆಲ್ಲರೂ ಒಂದೇ ಅಚ್ಚಿನವರಲ್ಲ. ಆ ಭೇದವನ್ನೆಲ್ಲ ರೋಗವೆಂದು ಎಣಿಸಲಾಗದು ಎಂಬ ವಿಚಾರವು ಕಳೆದ ಶತಮಾನದ ಕೊನೆಯ ದಶಕದಲ್ಲಿ ಬಲಗೊಂಡಿತು. ಆಸ್ಟ್ರೇಲಿಯದ ಜೂಡಿ ಸಿಂಗರ್ ಅವರ 1998ರ ಪ್ರಬಂಧವು ಈ ಸಂಬಂಧದಲ್ಲಿ ಸಾಮಾನ್ಯವಾಗಿ ಉಲ್ಲೇಖಗೊಳ್ಳುತ್ತದೆ. ಬಹುಜನರ ರೀತಿಗಿಂತ ಬೇರೆಯಾಗಿ ಗ್ರಹಿಸುವ, ಕಲಿಯುವ, ಗಮನವಿಡುವ ಜನರನ್ನು ನಾವಿಲ್ಲಿ ‘ನರಭಿನ್ನರು’ ಎಂದು ಕರೆದಿದ್ದೇವೆ. ಪದವು ಕಿವಿಗೆ ಇಂಪಾದುದಲ್ಲ. ಆದರೂ ‘ಅರೆಹುಚ್ಚ’, ‘ದಡ್ಡ’ ಎಂಬ ರೂಢಿಯ ಮಾತುಗಳಿಗಿಂತ ಲೇಸು. ಎಡಿಎಚ್‌ಡಿಯನ್ನು ‘ಅವಧಾನದ ಕೊರತೆ’ ಎಂದು ಕನ್ನಡಿಸುವವರಿದ್ದಾರೆ. ಅಷ್ಟಾವಧಾನ, ಶತಾವಧಾನಗಳನ್ನು ಬಲ್ಲ ನಾಡಿನಲ್ಲಿ ಅವಧಾನವು ಒಂದೇ ಬಗೆಯದಲ್ಲವೆಂದು ವಿವರಿಸಬೇಕಾಗಿಲ್ಲ. ಗಮನವೇ ಇಲ್ಲದಿರುವುದು ಬೇರೆ, ಅದು ಕರೆದಲ್ಲಿ ಬಂದು ನಿಲ್ಲದಿರುವುದು ಬೇರೆ.

ಹುಬ್ಬಳ್ಳಿ-ಧಾರವಾಡದಲ್ಲಿ ಮನಸ್ಸಿನ ಪರೀಕ್ಷೆಯೆಂದೊಡನೆ ಜನರು ಹೆಸರಿಸುವುದು ಧಾರವಾಡದ ಡಿಮ್ಹಾನ್ಸ್ ಸಂಸ್ಥೆಯನ್ನು. 1845ರಲ್ಲಿ ಹುಚ್ಚರ ಆಸ್ಪತ್ರೆಯಾಗಿ ಆರಂಭವಾದ ಅದು ಇಂದು ಚಿಕಿತ್ಸೆ, ಬೋಧನೆಗಳೆರಡನ್ನೂ ನಡೆಸುವ ಸಂಸ್ಥೆಯಾಗಿದ್ದರೂ ಹಳೆಯ ಹೆಸರು ಊರಿನ ಬಾಯಿಂದ ಮಾಸಿಲ್ಲ. ಇಂತಹ ಆಲಯಗಳಿಗೆ ಒಬ್ಬನನ್ನು ಸೇರಿಸಲು 1912ರ ಕಾಯಿದೆಯು ಬಯಸುತ್ತಿದ್ದ ವೈದ್ಯಕೀಯ ಪ್ರಮಾಣಪತ್ರದ ನಮೂನೆಯನ್ನು ಇತಿಹಾಸದ ವಿದ್ಯಾರ್ಥಿಗಳು ಅವಶ್ಯವಾಗಿ ನೋಡಬೇಕು. ಅದರಲ್ಲಿ ಎರಡು ಭಾಗಗಳು: ವೈದ್ಯನು ತಾನೇ ಕಂಡ ಸಂಗತಿಗಳು, ಪರರು ವೈದ್ಯನಿಗೆ ತಿಳಿಸಿದ ಸಂಗತಿಗಳು. ಯಾರ ಕುರಿತಾಗಿ ಈ ಪತ್ರವೋ ಆತನು ಏನು ಹೇಳಿದನೆಂಬುದಕ್ಕೆ ಪ್ರತ್ಯೇಕ ಸ್ಥಳವಿಲ್ಲ. ಆ ಕಾಯಿದೆ 1987ರ ಹೊಸ ಕಾಯಿದೆಯಿಂದ ರದ್ದಾಯಿತು. ಅದರ ಸ್ಥಾನಕ್ಕೆ 2017ರಲ್ಲಿ ಮತ್ತೊಂದು ಬಂದಿತು. ಸ್ವಲೀನತೆಯಾಗಲಿ ಡಿಸ್ಲೆಕ್ಸಿಯಾ ಆಗಲಿ ಮನೋರೋಗವಲ್ಲವೆಂಬುದೂ ಈಗ ನಿರ್ವಿವಾದ. ಹೀಗಿದ್ದರೂ ಹಳೆಯ ನಮೂನೆಯ ನೆರಳು ಹೊಸ ನಮೂನೆಗಳ ಮೇಲೆ ಬಿದ್ದಿದೆಯೆಂಬುದು ನಮ್ಮ ಅಭಿಪ್ರಾಯ.

ಸ್ವಲೀನತೆಯನ್ನು ಪ್ರತ್ಯೇಕ ಸ್ಥಿತಿಯೆಂದು ಬಾಲ್ಟಿಮೋರಿನ ಲಿಯೊ ಕ್ಯಾನರ್ ಅವರು ವರ್ಣಿಸಿದುದು 1943ರಲ್ಲಿ. ವಿಯೆನ್ನಾದ ಹಾನ್ಸ್ ಆಸ್ಪರ್ಗರ್ ಅವರ ಲೇಖನ 1944ರದು. ಇಬ್ಬರೂ ನೋಡಿದುದು ಮಕ್ಕಳನ್ನು. ಆ ಮಕ್ಕಳು ಬೆಳೆದು ನೌಕರಿಗೆ ನಿಲ್ಲುವರೆಂಬ ವಿಚಾರವು ಶಾಸ್ತ್ರಕ್ಕೂ ಸರಕಾರಕ್ಕೂ ಬಹುಕಾಲ ಹೊಳೆಯಲಿಲ್ಲ. ನಮ್ಮ 1995ರ ವಿಕಲಚೇತನರ ಕಾಯಿದೆಯು ಗುರುತಿಸಿದ ಏಳು ವಿಕಲತೆಗಳಲ್ಲಿ ಸ್ವಲೀನತೆಯಿರಲಿಲ್ಲ, ಕಲಿಕೆಯ ನ್ಯೂನತೆಯೂ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಲ್ಲಿ ಸ್ವಲೀನತೆಯ ಹೆಸರು ಬಂದಿತು; ಎರಡೂ ಒಟ್ಟಿಗೆ ಬಂದುದು 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ 21 ವಿಕಲತೆಗಳ ಪಟ್ಟಿಯಲ್ಲಿ. ಎಡಿಎಚ್‌ಡಿಯ ಹೆಸರು ಅದರಲ್ಲಿಯೂ ಇಲ್ಲ. ಎಂದರೆ 1985ರಲ್ಲಿ ಧಾರವಾಡದ ಒಂದು ಪ್ರಾಥಮಿಕ ಶಾಲೆಯನ್ನು ಸೇರಿದ ಹುಡುಗನು, ಕಾನೂನು ತನ್ನಂತಹವರನ್ನು ಗುರುತಿಸುವ ಹೊತ್ತಿಗೆ ಮೂವತ್ತು ದಾಟಿದ ನೌಕರನಾಗಿದ್ದನು. 2018ರ ಜನವರಿಯಲ್ಲಿ ಹೊರಟ ಪ್ರಮಾಣಪತ್ರದ ಮಾರ್ಗಸೂಚಿಯು ಕಲಿಕೆಯ ನ್ಯೂನತೆಯನ್ನು ಕುರಿತು ಹೇಳುವಾಗ ಎಂಟನೆಯ ವಯಸ್ಸಿನ ಮಗುವನ್ನು ಕಣ್ಣಮುಂದಿಟ್ಟುಕೊಂಡು, 14ರಲ್ಲಿ ಒಮ್ಮೆ, 18ರಲ್ಲಿ ಒಮ್ಮೆ ಮರುಪರೀಕ್ಷೆಯನ್ನು ವಿಧಿಸಿತು. ನಲ್ವತ್ತರ ಗುಮಾಸ್ತನು ಈ ಮೆಟ್ಟಿಲುಗಳಲ್ಲಿ ಯಾವುದನ್ನು ಹಿಂದಿರುಗಿ ಹತ್ತಬೇಕು? 2024ರಲ್ಲಿ ಮಾರ್ಗಸೂಚಿಗಳು ಪರಿಷ್ಕೃತವಾದವು. ಆತನ ಬಾಲ್ಯವನ್ನು ಮಾತ್ರ ಪರಿಷ್ಕರಿಸಲು ಬರುವಂತಿಲ್ಲ.

ಸ್ವಲೀನತೆಗೆ ಬಳಸುವ ಭಾರತೀಯ ಮಾಪನವನ್ನು ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯು ಸಿದ್ಧಪಡಿಸಿತು. ಆರು ವಿಭಾಗಗಳಲ್ಲಿ 40 ವಾಕ್ಯಗಳು. ಒಂದೊಂದಕ್ಕೂ 1ರಿಂದ 5ರ ವರೆಗೆ ಅಂಕ. ಒಟ್ಟು 70ರ ಕೆಳಗೆ ಬಂದವರು ಮಾಪನದ ಹೊರಗೆ. ವಿದೇಶೀ ಮಾಪನಗಳನ್ನು ಹಾಗೆಯೇ ಹೊತ್ತು ತರದೆ ಇಲ್ಲಿನ ಜನಕ್ಕೆ ತಕ್ಕುದನ್ನು ಕಟ್ಟಿದವರ ಶ್ರಮವು ಮೆಚ್ಚತಕ್ಕದ್ದು. ಸರಕಾರೀ ನೌಕರಿಯಲ್ಲಿ ಕೇಂದ್ರದ ಅಧಿನಿಯಮವು ಇಟ್ಟಿರುವ 4 ಶೇಕಡಾ ಮೀಸಲಿನಲ್ಲಿ 1 ಶೇಕಡಾ ಸ್ವಲೀನತೆ, ಬೌದ್ಧಿಕ ವಿಕಲತೆ, ಕಲಿಕೆಯ ನ್ಯೂನತೆ, ಮನೋರೋಗ ಹಾಗೂ ಬಹುವಿಕಲತೆಯುಳ್ಳವರೆಲ್ಲರಿಗೂ ಸೇರಿ ಮೀಸಲಾಗಿದೆ; ಅದನ್ನು ಹಂಚಲು ಒಂದು ಅಳತೆ ಬೇಕೇ ಬೇಕು. ನಮ್ಮ ಆಕ್ಷೇಪ ಮಾಪನದ ಮೇಲಲ್ಲ, ಅದರಿಂದ ನಾವು ಕೇಳುತ್ತಿರುವ ಕೆಲಸದ ಮೇಲೆ. ಮಾತು, ನೋಟ, ಸ್ಪರ್ಶ, ನಡವಳಿಕೆ ಎಲ್ಲವನ್ನೂ ಅದು ವಿಚಾರಿಸುತ್ತದೆ. ತಾನೇ ನೋಡಿ, ತಾಯಿತಂದೆಯರನ್ನು ಕೇಳಿ ಬರೆದುಕೊಳ್ಳುತ್ತದೆ. ಆ ವ್ಯಕ್ತಿ ಕೂರುವ ಕೋಣೆಯಲ್ಲಿ ಎಷ್ಟು ಜನ ಒಮ್ಮೆಗೇ ಮಾತನಾಡುತ್ತಾರೆ, ಕೆಲಸವನ್ನು ಬಾಯಿಂದ ಹೇಳುತ್ತಾರೋ ಬರೆದು ಕೊಡುತ್ತಾರೋ ಎಂಬುದನ್ನು ವಿಚಾರಿಸುವುದಿಲ್ಲ. ವಿಚಾರಿಸಬೇಕೆಂದು ಅದನ್ನು ಕಟ್ಟಿದವರು ಎಣಿಸಿರಲೂ ಇಲ್ಲ.

ಇಲ್ಲಿ ನಮ್ಮ ಅನುಭವವೊಂದನ್ನು ಹೇಳುವುದು ಅಪ್ರಸ್ತುತವಾಗಲಾರದು. ಹುಬ್ಬಳ್ಳಿಯ ಒಂದು ಕಚೇರಿಯ ದಫ್ತರಖಾನೆಯಲ್ಲಿ ಕೆಲವು ತಿಂಗಳು ಹಳೆಯ ಕಾಗದಗಳನ್ನು ನೋಡುತ್ತಿದ್ದೆವು. ಅಲ್ಲಿನ ಗುಮಾಸ್ತರು, ‘ನಮಸ್ಕಾರ’ ಎಂದರೆ ‘ಯಾವ ಸಾಲಿಂದು ಬೇಕು?’ ಎನ್ನುತ್ತಿದ್ದರು. ತಲೆಯೆತ್ತಿ ನೋಡುತ್ತಿರಲಿಲ್ಲ. ಆದರೆ ಯಾವ ರುಮಾಲಿನಲ್ಲಿ ಯಾವ ಕಡತವಿದೆಯೆಂಬುದು ಯಾದಿಯಿಲ್ಲದೆ ಅವರಿಗೆ ಗೊತ್ತು. ಅವರ ರೀತಿಯನ್ನು ಅನುಕರಿಸಿ ಚಹದ ಅಂಗಡಿಯಲ್ಲಿ ನಕ್ಕವರಲ್ಲಿ ನಾವೂ ಇದ್ದೆವು. ಮುಂದೆ ಅವರನ್ನು ಸಾರ್ವಜನಿಕರ ಕೌಂಟರಿಗೆ ಹಾಕಿದರು. ಎದುರಿಗೆ ಸಾಲು, ಪಕ್ಕದಲ್ಲಿ ಟೆಲಿಫೋನು, ಹಿಂದಿನಿಂದ ಸಾಹೇಬರ ಮೌಖಿಕ ಆಜ್ಞೆ. ಆರು ತಿಂಗಳಲ್ಲಿ ಎರಡು ನೋಟೀಸುಗಳು ಬಂದವು. ಹಿತೈಷಿಗಳೊಬ್ಬರು ಪರೀಕ್ಷೆ ಮಾಡಿಸಿಕೊಳ್ಳಲು ಹೇಳಿದಾಗ ಅವರು ಕೊಟ್ಟ ಉತ್ತರ ನಮ್ಮ ಕಿವಿಯಲ್ಲಿದೆ: ‘ಧಾರವಾಡಕ್ಕ ಹೋಗಿ ಬಂದಾನಂತ ಸರ್ವಿಸ್ ಬುಕ್ಕಿನ್ಯಾಗ ಬಿತ್ತಂದ್ರ, ಆಮ್ಯಾಲೆ ನಾ ಏನ್ ಮಾಡ್ಲಿ?’

ಅವರು ನರಭಿನ್ನರೆಂದು ನಾವು ಹೇಳುತ್ತಿಲ್ಲ. ಹೇಳಲು ನಾವು ಯಾರು? ನ್ಯೂಟನ್, ರಾಮಾನುಜನ್ ಮುಂತಾದ ಮೃತರಿಗೆ ರೋಗನಿದಾನ ಮಾಡುವ ಚಪಲ ಈಗೀಗ ಇತಿಹಾಸದ ಬರೆಹಗಳಲ್ಲಿಯೂ ಕಾಣುತ್ತಿದೆ. ಜೀವಂತರ ವಿಷಯದಲ್ಲಿ ಅದು ಇನ್ನೂ ಅನುಚಿತ. ನಮ್ಮ ಪ್ರಶ್ನೆ ಬೇರೆ. ಬರೆದು ಕೊಟ್ಟ ಆಜ್ಞೆಯೂ ಸದ್ದಿಲ್ಲದ ಮೂಲೆಯೂ ದೊರೆಯಲು ಅವರಿಗೆ ಆ ಪ್ರಮಾಣಪತ್ರ ಬೇಕಿತ್ತೇ?

ಬೇಕಿರಲಿಲ್ಲವೆಂದೇ ಅಧಿನಿಯಮವನ್ನು ಓದಿದವರಿಗೆ ತೋರುತ್ತದೆ. ಅದರಲ್ಲಿ ಎರಡು ಬಾಗಿಲುಗಳಿವೆ. ನಮ್ಮ ಕಚೇರಿಗಳು ಅವೆರಡನ್ನೂ ಒಂದೆಂದು ತಿಳಿದಿರುವುದೇ ಗೊಂದಲದ ಮೂಲ. ಮೀಸಲಾತಿಯ ಬಾಗಿಲಿಗೆ 40 ಶೇಕಡಾ ವಿಕಲತೆಯ ಪ್ರಮಾಣಪತ್ರ ಬೇಕು. ಸಮಂಜಸ ಹೊಂದಾಣಿಕೆಯ ಬಾಗಿಲಿಗೆ ಆ ಶೇಕಡಾವಾರಿ ಬೇಡ. ವಿಕಲಚೇತನ ವ್ಯಕ್ತಿಯೆಂದರಾರು ಎಂಬುದನ್ನು ಅಧಿನಿಯಮವು ಹೇಳುವಾಗ, ದೀರ್ಘಕಾಲದ ನ್ಯೂನತೆಯು ಹೊರಗಿನ ಅಡೆತಡೆಗಳೊಡನೆ ಕೂಡಿ ಒಬ್ಬನನ್ನು ಇತರರೊಡನೆ ಸಮನಾಗಿ ಬಾಳದಂತೆ ತಡೆಯುವುದೆಂದು ಹೇಳಿದೆ. ವ್ಯಾಖ್ಯೆಗೆ ಎರಡು ಅರ್ಧಗಳಿವೆ. ನಮ್ಮ ನಮೂನೆಗಳು ಒಂದು ಅರ್ಧವನ್ನು ಮಾತ್ರ ಅಳೆಯುತ್ತವೆ. ಕೇಂದ್ರ ಲೋಕಸೇವಾ ಆಯೋಗದ ವಿರುದ್ಧ ವಿಕಾಸ ಕುಮಾರ್ ಎಂಬ ಅಭ್ಯರ್ಥಿಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2021ರ ಫೆಬ್ರುವರಿ 11ರಂದು ಕೊಟ್ಟ ತೀರ್ಪು ಇದನ್ನು ಸ್ಪಷ್ಟಪಡಿಸಿತು. ಬರೆಯುವಾಗ ಕೈ ಸೆಟೆಯುವ ತೊಂದರೆಯಿದ್ದ ಆ ಅಭ್ಯರ್ಥಿಗೆ, ನಿಗದಿಯಾದ ಶೇಕಡಾವಾರಿಯಿಲ್ಲವೆಂದು ಲಿಪಿಕಾರನನ್ನು ನಿರಾಕರಿಸಲಾಗಿತ್ತು. ಹಾಗೆ ನಿರಾಕರಿಸಲಾಗದೆಂದು ನ್ಯಾಯಾಲಯವು ನಿರ್ಣಯಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ರವೀಂದರ್ ಕುಮಾರ್ ಧಾರೀವಾಲ್ ಅವರ ಮೊಕದ್ದಮೆಯಲ್ಲಿ, ಮಾನಸಿಕ ವಿಕಲತೆಯ ಸಂಬಂಧವುಳ್ಳ ವರ್ತನೆಗಾಗಿ ನೌಕರನ ಮೇಲೆ ಶಿಸ್ತಿನ ಕ್ರಮ ಜರುಗಿಸುವುದೂ ಭೇದಭಾವದ ಒಂದು ಮುಖವಾಗಬಲ್ಲುದೆಂದು ಹೇಳಿತು. ನೋಟೀಸುಗಳನ್ನು ಬರೆಯುವ ಮೊದಲು ಅಧಿಕಾರಿಗಳು ಈ ಎರಡು ತೀರ್ಪುಗಳನ್ನು ಓದಿದ್ದರೆ ಚೆನ್ನಾಗಿತ್ತು.

ಇನ್ನೊಂದು ಪಕ್ಷದವರು ನರಭಿನ್ನರಲ್ಲಿ ಅಸಾಮಾನ್ಯ ಪ್ರತಿಭೆಯಿದೆ, ಆದಕಾರಣ ಅವರನ್ನು ನೇಮಿಸಬೇಕು ಎನ್ನುತ್ತಾರೆ. ಬೆಂಗಳೂರಿನಲ್ಲಿ ಮೊದಲಿಗೆ ಪ್ರಯೋಗ ನಡೆಸಿ 2013ರಲ್ಲಿ ಜಗತ್ತಿನಾದ್ಯಂತ ಇಂತಹ ನೇಮಕಾತಿಯನ್ನು ಘೋಷಿಸಿದ ಎಸ್‌ಎಪಿ ಕಂಪನಿಯ ಉದಾಹರಣೆಯನ್ನು ಕೊಡುತ್ತಾರೆ. ಒಳ್ಳೆಯ ಕೆಲಸವೇ, ಆದರೆ ಪ್ರತಿಭೆಯನ್ನು ಶರತ್ತಾಗಿಸಿದರೆ ಸಾಮಾನ್ಯ ಯೋಗ್ಯತೆಯ ನರಭಿನ್ನನ ಗತಿಯೇನು? ಉಳಿದ ನೌಕರರಾರಿಗೂ ಈ ಶರತ್ತಿಲ್ಲವಲ್ಲ. ಕ್ಯಾನರ್ ಅವರು ವರ್ಣಿಸಿದ ಮೊದಲನೆಯ ಬಾಲಕ ಡೊನಾಲ್ಡ್ ಟ್ರಿಪ್ಲೆಟ್ ಅವರ ಬಾಳು ಇಲ್ಲಿ ವಿಚಾರಾರ್ಹ. ಅಮೆರಿಕೆಯ ಮಿಸಿಸಿಪ್ಪಿ ಸಂಸ್ಥಾನದ ಫಾರೆಸ್ಟ್ ಎಂಬ ಸಣ್ಣ ಊರಿನ ಬ್ಯಾಂಕಿನಲ್ಲಿ ಅವರು ದಶಕಗಳ ಕಾಲ ದುಡಿದು 2023ರಲ್ಲಿ ತೀರಿಕೊಂಡರು. ಆ ಬ್ಯಾಂಕು ಅವರ ತಾಯಿಯ ತವರಿನವರು ಸ್ಥಾಪಿಸಿದುದು. ಊರು ಅವರನ್ನು ಬಲ್ಲುದಾಗಿತ್ತು. ಯಾವ ಅಂಕವನ್ನೂ ಕೇಳಲಿಲ್ಲ. ದುರ್ಗದಬೈಲಿನಲ್ಲಿ ಮನೆತನದ ಅಂಗಡಿಯಿರುವವನಿಗೆ ಇಲ್ಲಿಯೂ ಇಂತಹ ಆಶ್ರಯ ದೊರೆಯಬಹುದು: ಗಿರಾಕಿಗಳೊಡನೆ ಅಣ್ಣ ಮಾತನಾಡಿದರೆ ತಮ್ಮನು ಒಳಗೆ ದಾಸ್ತಾನು ನೋಡಿಕೊಂಡಾನು. ಅಂಗಡಿಯಿಲ್ಲದೆ ಸಂಬಳವನ್ನೇ ನಂಬಿದವನಿಗೆ ಕಾನೂನೇ ಅಣ್ಣನಾಗಬೇಕು.

ಕೆಲಸವನ್ನೂ ಅಳೆಯುವ ಪದ್ಧತಿ ಅಸಾಧ್ಯವಾದುದಲ್ಲ. ಬ್ರಿಟನ್ನಿನಲ್ಲಿ 1994ರಲ್ಲಿ ಆರಂಭವಾದ ಒಂದು ಸರಕಾರೀ ಯೋಜನೆಯಲ್ಲಿ ಪರೀಕ್ಷಕನು ಉದ್ಯೋಗದ ಸ್ಥಳವನ್ನೇ ನೋಡಿ, ಅಲ್ಲಿ ಏನು ಬದಲಾಗಬೇಕೆಂದು ವರದಿ ಬರೆಯುವ ಏರ್ಪಾಡಿದೆ. ಅಷ್ಟು ದೂರ ಹೋಗುವುದೇಕೆ? ನಮ್ಮ ಬೆಂಗೇರಿಯಲ್ಲಿ ರಾಷ್ಟ್ರಧ್ವಜವನ್ನು ತಯಾರಿಸುವಾಗ ನೂಲು, ಬಣ್ಣ, ಉದ್ದಗಲ ಎಲ್ಲಕ್ಕೂ ಮಾನಕವಿದೆ, ಎಲ್ಲವನ್ನೂ ಪರೀಕ್ಷಿಸುತ್ತಾರೆ. ಪರೀಕ್ಷೆ ಬಟ್ಟೆಗೆ, ಹೊಲಿದವರು ಕಣ್ಣಲ್ಲಿ ಕಣ್ಣಿಟ್ಟು ಮಾತನಾಡುವರೋ ಇಲ್ಲವೋ ಎಂಬುದಕ್ಕಲ್ಲ.

ಅಧಿನಿಯಮದ 21ನೆಯ ಪ್ರಕರಣವು ಪ್ರತಿಯೊಂದು ಸಂಸ್ಥೆಯೂ ಸಮಾನ ಅವಕಾಶದ ನೀತಿಯನ್ನು ಪ್ರಕಟಿಸಬೇಕೆಂದು ವಿಧಿಸಿದೆ. ಕಾಲೇಜುಗಳೂ ಇದಕ್ಕೆ ಹೊರತಲ್ಲ. ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳು ಅವಳಿನಗರದ ಕಚೇರಿಗಳ ಈ ನೀತಿಗಳನ್ನು ಸಂಗ್ರಹಿಸಿ, ಅವುಗಳಲ್ಲಿ ನರಭಿನ್ನರ ಮಾತು ಎಲ್ಲಿಯಾದರೂ ಇದೆಯೇ ಎಂದು ನೋಡಿದರೆ ಅದು ಸಮಕಾಲೀನ ಇತಿಹಾಸಕ್ಕೆ ಒಂದು ಆಕರವಾದೀತು. ಮೇಲೆ ಹೇಳಿದ ಗುಮಾಸ್ತರ ಕಚೇರಿಗೆ ಆಮೇಲೆ ಬಂದ ಅಧಿಕಾರಿಗಳೊಬ್ಬರು ತಮ್ಮ ಆಜ್ಞೆಗಳನ್ನು ಚೀಟಿಯಲ್ಲಿ ಬರೆದು ಕೊಡತೊಡಗಿದರು. ಕೌಂಟರಿನ ಬದಲಿಗೆ ಒಳಗಿನ ಮೇಜನ್ನು ಕೊಟ್ಟರು. ನೋಟೀಸುಗಳು ನಿಂತವು. ಎರಡು ವರ್ಷಗಳ ತರುವಾಯ ಆ ಅಧಿಕಾರಿಗಳಿಗೆ ವರ್ಗವಾಯಿತು, ಚೀಟಿಗಳೂ ನಿಂತವು. ಆ ಕಚೇರಿಯ ನೀತಿಪತ್ರವನ್ನು ನಾವು ಕೇಳಿ ಪಡೆದು ಓದಿದೆವು. ಗಾಲಿಕುರ್ಚಿಗಾಗಿ ಇಳಿಜಾರಿನ ದಾರಿಯ ಪ್ರಸ್ತಾಪ ಅದರಲ್ಲಿದೆ, ಚೀಟಿಯ ಪ್ರಸ್ತಾಪವಿಲ್ಲ.