ಅಕ್ಕಸಾಲೆಯ ಹೊಸ್ತಿಲಲ್ಲಿ ಅಲಂಕಾರಶಾಸ್ತ್ರ

ಕನ್ನಡದಲ್ಲಿ ಕಾವ್ಯವಿಮರ್ಶೆ ಬರೆಯುವವರೆಲ್ಲರೂ ಅಕ್ಕಸಾಲಿಗನಿಗೆ ಸಾಲಗಾರರು. ಕವಿಯ ಮಾತನ್ನು ಒರೆಗೆ ಹಚ್ಚುತ್ತೇವೆ. ಪದ್ಯವು ಎರಕ ಹೊಯ್ದಂತಿದೆ ಎನ್ನುತ್ತೇವೆ. ಅನುಭವವು ಪುಟಕ್ಕಿಟ್ಟ ಚಿನ್ನದಂತೆ ಹೊಳೆಯಿತೆಂದೂ, ಶಬ್ದಾರ್ಥಗಳ ಬೆಸುಗೆ ಕಣ್ಣಿಗೆ ಕಾಣದೆಂದೂ, ಉಪಮೆಯು ಕುಂದಣದಲ್ಲಿ ಕೂಡಿಸಿದ ಹರಳಿನಂತಿದೆಯೆಂದೂ ಬರೆಯುತ್ತೇವೆ. ಒರೆ, ಎರಕ, ಪುಟ, ಬೆಸುಗೆ, ಕುಂದಣ, ಮೆರುಗು, ಇವೆಲ್ಲವೂ ಒಂದೇ ಮನೆಯಿಂದ ಕಡ ತಂದ ಮಾತುಗಳು. ಕಡ ತಂದವರು ಆ ಮನೆಯ ಹೊಸ್ತಿಲು ದಾಟಿ ಒಳಗೆ ಕುಳಿತು ನೋಡಿದ್ದಾರೆಯೇ ಎಂಬುದು ಪ್ರಶ್ನೆ. ನಾವಂತೂ ನೋಡಿರಲಿಲ್ಲ. ನೋಡುವಂತೆ ಮಾಡಿದವನು ನಮ್ಮ ನಾಲ್ಕನೆಯ ಇಯತ್ತೆಯ ಒಬ್ಬ ವಿದ್ಯಾರ್ಥಿ.

'ನಮ್ಮ ಮನೆಯ ಕಸುಬು' ಎಂಬ ವಿಷಯವನ್ನು ಕುರಿತು ಪ್ರಬಂಧ ಬರೆದು ತರಲು ಮಕ್ಕಳಿಗೆ ಹೇಳಿದ್ದೆವು. ಆ ಹುಡುಗನ ತಂದೆ ಬೆಳ್ಳಿಯ ಕೆಲಸಗಾರರು. ಹುಪರಿಯಿಂದ ಗೆಜ್ಜೆ ಸರಪಳಿಯ ಕೆಲಸವನ್ನು ತಂದು ಮನೆಯಲ್ಲಿ ಮಾಡಿಕೊಡುವವರು. ಹುಡುಗನಾದರೋ ಕಬ್ಬಿನ ಹೊಲದ ಮೇಲೆ ಒಂದು ಪುಟ ಬರೆದು ತಂದಿದ್ದನು. ಅವರ ಮನೆಗೆ ಅಂಗೈಯಗಲ ಹೊಲವೂ ಇಲ್ಲವೆಂಬುದು ನಮಗೆ ಗೊತ್ತಿತ್ತು. ಕಾರಣ ಕೇಳಿದಾಗ ಬಹಳ ಹೊತ್ತು ತಲೆ ತಗ್ಗಿಸಿ ನಿಂತು, "ನಮ್ಮ ಕಸುಬಿನ ಮ್ಯಾಲ ಗಾದಿಮಾತ ಐತ್ರೀ ಗುರುಗಳ, ನೀವ ಕಲಿಸೀರಿ" ಎಂದನು. ಒಡಹುಟ್ಟಿದ ಅಕ್ಕನ ಚಿನ್ನದಲ್ಲಿಯೂ ಅಕ್ಕಸಾಲಿಗನು ಒಂದು ಗುಂಜಿಯಷ್ಟನ್ನು ಉಳಿಸಿಕೊಳ್ಳದೆ ಬಿಡನು ಎಂಬ ಅರ್ಥದ ಗಾದೆಯನ್ನು ನಾವೇ ಹಿಂದಿನ ವಾರ ಕರಿಹಲಗೆಯ ಮೇಲೆ ಬರೆದು, ವಿಸ್ತರಿಸಿ ಬರೆಯಿರೆಂದು ಹೇಳಿದ್ದೆವು. ತರಗತಿ ಮುಗಿದ ಮೇಲೆ ಉಳಿದ ಹುಡುಗರು ಅದನ್ನು ಬಾಯಲ್ಲಿ ವಿಸ್ತರಿಸಿದ್ದರು.

ಪ್ರಸ್ತುತ ಲೇಖನವು ಆ ಗಾದೆಯ ವಿಮರ್ಶೆಯಿಂದಲೇ ಮೊದಲಾಗಬೇಕು. ಗಾದೆ ವೇದಕ್ಕೆ ಸಮಾನ ಎನ್ನುವ ನಾವು ಗಾದೆಯನ್ನು ಒರೆಗೆ ಹಚ್ಚುವುದೇ ಇಲ್ಲ. ಈ ಗಾದೆಯ ಬಲವೆಲ್ಲವೂ 'ಅಕ್ಕ' ಮತ್ತು 'ಅಕ್ಕಸಾಲಿ' ಎಂಬೆರಡು ಶಬ್ದಗಳ ನಾದಸಾಮ್ಯದಲ್ಲಿದೆ. ಆದರೆ ಅಕ್ಕಸಾಲೆಗೂ ಅಕ್ಕನಿಗೂ ಸಂಬಂಧವಿಲ್ಲ. ಸಂಸ್ಕೃತದ 'ಅಕ್ಷಶಾಲಾ' ಎಂಬುದು ನಮ್ಮಲ್ಲಿ 'ಅಕ್ಕಸಾಲೆ' ಆಯಿತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುವರ್ಣಾಧ್ಯಕ್ಷನ ಮೇಲ್ವಿಚಾರಣೆಯಲ್ಲಿ ಬಂಗಾರ ಬೆಳ್ಳಿಯ ಕೆಲಸ ನಡೆಯುವ ಶಾಲೆಗೆ ಅಕ್ಷಶಾಲೆಯೆಂದೇ ಹೆಸರು. ಪಾಠಶಾಲೆ, ಗೋಶಾಲೆಗಳಂತೆ ಅದೂ ಒಂದು ಶಾಲೆ. ಅಲ್ಲಿ ದುಡಿಯುವವನು ಅಕ್ಕಸಾಲಿಗ. ಹೀಗಿರುವಲ್ಲಿ ಈ ಗಾದೆಯು ಲೋಕಾನುಭವದಿಂದ ಹುಟ್ಟಿತೆಂಬುದಕ್ಕಿಂತ ಪ್ರಾಸದಿಂದ ಹುಟ್ಟಿತೆಂಬುದೇ ಹೆಚ್ಚು ಯುಕ್ತವೆಂದು ನಮ್ಮ ಅಭಿಪ್ರಾಯ. ಒಂದು ಶಬ್ದಾಲಂಕಾರವು ಒಡವೆ ಮಾಡುವವನ ಮುಖಕ್ಕೆ ಮಸಿ ಹಚ್ಚಿತು.

ಸಂಶಯವು ಹಳೆಯದೆಂಬುದನ್ನು ನಾವು ಮರೆಮಾಚುವುದಿಲ್ಲ. ತಕ್ಕಡಿಯ ಮೋಸವೇ ಮೊದಲಾಗಿ ಚಿನ್ನ ಕದಿಯುವ ಐದು ಉಪಾಯಗಳನ್ನು ಕೌಟಿಲ್ಯನೇ ಹೆಸರಿಸಿದ್ದಾನೆ. ಕಳ್ಳರು ಎಲ್ಲ ಕಸುಬುಗಳಲ್ಲಿಯೂ ಇದ್ದಾರೆ. ಆದರೆ ಈ ಕೆಲಸದಲ್ಲಿ ತೇಮಾನು ತಪ್ಪುವಂತಿಲ್ಲ. ಕರಗಿಸುವಾಗ ಮೂಸೆಗೆ ಅಂಟಿದ್ದು, ಅರದಿಂದ ಉಜ್ಜುವಾಗ ಉದುರಿದ್ದು, ಮೆರುಗು ಕೊಡುವಾಗ ಸವೆದದ್ದು ಲೆಕ್ಕದಲ್ಲಿ ಕಡಿಮೆಯಾಗಿಯೇ ತೋರುತ್ತದೆ. ಅಕ್ಕಸಾಲಿಗರ ಮನೆಯ ಕಸವನ್ನೂ ಬೂದಿಯನ್ನೂ ಕೊಂಡೊಯ್ದು, ನೀರಿನಲ್ಲಿ ಜಾಲಿಸಿ, ಅದರಲ್ಲಿಯ ಚಿನ್ನ ಬೆಳ್ಳಿಯ ಕಣಗಳನ್ನು ತೆಗೆದು ಬದುಕುವ ಒಂದು ವರ್ಗವೇ ನಮ್ಮ ನಾಡಿನಲ್ಲಿತ್ತು. ಮರಾಠಿಯಲ್ಲಿ ಅವರಿಗೆ ಝಾರೇಕರಿ ಎನ್ನುತ್ತಾರೆ. ಗಾದೆ ಕಟ್ಟಿದವನು ಕಡಿಮೆಯಾದ ಗುಂಜಿಯನ್ನು ಎಣಿಸಿದನು. ಕಸದಲ್ಲಿ ಹೋದ ಗುಂಜಿಯನ್ನು ಎಣಿಸಲಿಲ್ಲ.

ಹುಡುಗನ ಮುಂದೆ ನಮ್ಮ ತಪ್ಪನ್ನು ಒಪ್ಪಿಕೊಂಡು, ಒಂದು ರವಿವಾರ ಅವನ ತಂದೆಯವರೊಡನೆ ಹುಪರಿಗೆ ಹೋದೆವು. ನಮ್ಮ ಶಿರೋಳ ತಾಲೂಕಿಗೆ ನೆರೆಯಾದ ಹಾತಕಣಂಗಲೆ ತಾಲೂಕಿನ ಈ ಊರಿಗೆ ಬೆಳ್ಳಿಯ ನಗರಿ ಎಂಬ ಹೆಸರಿದೆ. ಇಲ್ಲಿಯ ಗೆಜ್ಜೆ ಸರಪಳಿಗಳು ದೂರದೂರದ ಪ್ರಾಂತಗಳ ಪೇಟೆಗಳಿಗೂ ಹೋಗುತ್ತವೆ. ಒಂದು ಜೊತೆ ಕಾಲ್ಗೆಜ್ಜೆಯು ಒಬ್ಬನ ಕೈಯಲ್ಲಿ ಹುಟ್ಟಿ ಅವನ ಕೈಯಲ್ಲಿಯೇ ಮುಗಿಯುತ್ತದೆಂದು ನಾವು ತಿಳಿದಿದ್ದೆವು. ಹಾಗಲ್ಲ. ಒಬ್ಬನು ಕರಗಿಸುತ್ತಾನೆ, ಒಬ್ಬನು ತಂತಿ ಎಳೆಯುತ್ತಾನೆ, ಒಂದು ಮನೆಯ ಹೆಣ್ಣುಮಕ್ಕಳು ಕೊಂಡಿಗೆ ಕೊಂಡಿ ಕೂಡಿಸುತ್ತಾರೆ, ಇನ್ನೊಂದು ಮನೆಯಲ್ಲಿ ಗೆಜ್ಜೆಗಳು ಸೇರುತ್ತವೆ, ಮತ್ತೆಲ್ಲಿಯೋ ಮೆರುಗು ಏರುತ್ತದೆ. ಒಡವೆಯು ಓಣಿಯಿಂದ ಓಣಿಗೆ ನಡೆದು ನಡೆದು ಕಾಲಿಗೆ ಬರುತ್ತದೆ.

ನಾವು ಕುಳಿತ ಮನೆಯಲ್ಲಿ ಒಂದೇ ಕಿಟಕಿ, ಒಂದು ಅಗ್ಗಿಷ್ಟಿಕೆ, ಗೋಡೆಯ ಬದಿಯಲ್ಲಿ ಅರ, ಚಿಮಟ, ಸುತ್ತಿಗೆಗಳು. ಬೆಳ್ಳಿಯು ಸುಮಾರು 962 ಅಂಶ ಸೆಲ್ಸಿಯಸ್ ಉಷ್ಣದಲ್ಲಿ ಕರಗುತ್ತದೆ, ಬಂಗಾರವು 1064 ರಲ್ಲಿ. ಅಲ್ಲಿಯ ಹಿರಿಯ ಕೆಲಸಗಾರರು ಅಂಕಿಯನ್ನು ನೋಡಲಿಲ್ಲ. ಮೂಸೆಯೊಳಗಿನ ಬಣ್ಣವನ್ನು ನೋಡಿ ಎತ್ತಿದರು. ಎರಕವಾದ ಕಡ್ಡಿಯನ್ನು ತಟ್ಟಿ, ಕಂಬಚ್ಚಿನ ದೊಡ್ಡ ತೂತಿನಿಂದ ಮೊದಲುಮಾಡಿ ಒಂದೊಂದೇ ಸಣ್ಣ ತೂತಿಗೆ ಇಳಿಸುತ್ತ ತಂತಿ ಎಳೆದರು. ಒಂದು ಗ್ರಾಮು ಬಂಗಾರದಿಂದ ಎರಡು ಕಿಲೋಮೀಟರಿನಷ್ಟು ಉದ್ದದ ತಂತಿ ಎಳೆಯಬಹುದೆಂದು ವಿಜ್ಞಾನದ ಪಾಠದಲ್ಲಿ ನಾವು ಹೇಳುತ್ತೇವೆ. ಒಂದೇ ಉಸಿರಿನಲ್ಲಿ ಎಳೆಯಬಹುದೆಂಬಂತೆ ಹೇಳುತ್ತೇವೆ. ಎಳೆದಷ್ಟೂ ತಂತಿ ಬಿರುಸಾಗುತ್ತದೆ; ಮತ್ತೆ ಕಾಯಿಸಿ ಹದಕ್ಕೆ ತರದಿದ್ದರೆ ತುಂಡಾಗುತ್ತದೆ. "ಬೆಳ್ಳಿಗೂ ದಣಿವ ಆಗತೈತ್ರೀ ಮಾಸ್ತರ, ನಡನಡುವ ಬೆಂಕಿ ತೋರಸಬೇಕು" ಎಂದರು ಆ ಹಿರಿಯರು. ಬೆಸುಗೆಯ ವಿಷಯದಲ್ಲಿಯೂ ಒಂದು ಗುಟ್ಟು ಇದೆ. ಬೆಸೆಯುವ ಲೋಹವು ಒಡವೆಯ ಲೋಹಕ್ಕಿಂತ ಮೊದಲು ಕರಗಬೇಕು. ಅದಕ್ಕಾಗಿ ಬೆಳ್ಳಿಗೆ ತಾಮ್ರ ಮೊದಲಾದುವನ್ನು ಬೆರಸುತ್ತಾರೆ, ಬಿಳಿಗಾರವನ್ನು ಹಚ್ಚುತ್ತಾರೆ. ಊದುವ ಉರಿ ಒಂದು ಕ್ಷಣ ಹೆಚ್ಚಾದರೆ ಬೆಸುಗೆಯೂ ಇಲ್ಲ, ಒಡವೆಯೂ ಇಲ್ಲ.

ಇದನ್ನು ನೋಡಿ ಮನೆಗೆ ಬಂದು ನಮ್ಮ ಅಲಂಕಾರಶಾಸ್ತ್ರದ ಟಿಪ್ಪಣಿಗಳನ್ನು ತೆರೆದೆವು. ನಮ್ಮ ಭಾಷೆಯಲ್ಲಿ ಒಡವೆಗೆ ಹೆಸರುಗಳು ಹಲವಾಗಿವೆ. ಹಳಗನ್ನಡದಲ್ಲಿ ಅದು ತೊಡವು. ತೊಡುವಂಥದು, ತೊಡುವವಳ ಕಣ್ಣಿನಿಂದ ಬಂದ ಹೆಸರು. ಇನ್ನೊಂದು ಒಡವೆ, ಸ್ವತ್ತು ಎಂದು ಅದರ ಹಳೆಯ ಅರ್ಥ, ಒಡೆಯನ ಕಣ್ಣಿನಿಂದ ಬಂದ ಹೆಸರು. ಸಂಸ್ಕೃತದಿಂದ ಬಂದದ್ದು ಅಲಂಕಾರ. 'ಅಲಂ' ಎಂದರೆ ಸಾಕು, ಪರ್ಯಾಪ್ತ. ಸಾಕೆನಿಸುವಂತೆ ಮಾಡುವುದು, ಕೊರತೆಯಿಲ್ಲದಂತೆ ಮಾಡುವುದು ಅಲಂಕಾರ. ಇದು ಮಾಡುವವನ ಕಣ್ಣಿನಿಂದ ಬಂದ ಹೆಸರು. ಶಾಸ್ತ್ರಕಾರರು ಈ ಮೂರನೆಯ ಹೆಸರನ್ನು ಆರಿಸಿಕೊಂಡರು. ನಾವು ಪಾಠ ಹೇಳುವಾಗ ಮಾತ್ರ ಮೊದಲಿನ ಎರಡು ಅರ್ಥಗಳಲ್ಲಿಯೇ ನಿಂತುಬಿಡುತ್ತೇವೆ. ಕಾವ್ಯವೆಂಬ ಶರೀರಕ್ಕೆ ಉಪಮೆ ಒಂದು ಬಳೆ, ರೂಪಕ ಒಂದು ಹಾರ. ಬೇಕಾದರೆ ತೊಡಬಹುದು, ಬೇಡವಾದರೆ ತೆಗೆದಿಡಬಹುದು ಎಂಬಂತೆ ಮಕ್ಕಳಿಗೆ ಹೇಳುತ್ತೇವೆ.

ಅಲಂಕಾರಗಳನ್ನು ಅಂಗಗಳ ಮೇಲಿನ ಕಡಗಗಳಿಗೆ ಹೋಲಿಸಿದವರಲ್ಲಿ ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನನೂ ಇದ್ದಾನೆ. ಆದರೆ ಆತನು ಅಲ್ಲಿಗೇ ನಿಲ್ಲಲಿಲ್ಲ. ರಸದ ಒತ್ತಡದಿಂದಲೇ ಮೂಡಿ, ತನಗಾಗಿ ಬೇರೊಂದು ಪ್ರಯತ್ನವನ್ನು ಬೇಡದ ಅಲಂಕಾರವೇ ಧ್ವನಿಕಾವ್ಯಕ್ಕೆ ತಕ್ಕುದು ಎಂಬ ಸೂಕ್ಷ್ಮವನ್ನೂ ಹೇಳಿದನು. ಅಕ್ಕಸಾಲೆಯಲ್ಲಿ ಇದರ ಅರ್ಥ ನಮಗೆ ಸ್ಪಷ್ಟವಾಯಿತು. ಪ್ರಯತ್ನವಿಲ್ಲದೆ ಅಲ್ಲಿ ಒಂದು ಕೊಂಡಿಯೂ ಆಗದು. ಆದರೆ ಕೊಂಡಿಯನ್ನು ಮಾಡುವ ಪ್ರಯತ್ನ ಬೇರೆ, ಚೆಲುವನ್ನು ತರುವ ಪ್ರಯತ್ನ ಬೇರೆ ಎಂದಿಲ್ಲ. ಕೊಂಡಿಯು ಸರಿಯಾಗಿ ಕೂಡಿದಾಗಲೇ ಸರಪಳಿ ಕಾಲಿನ ಮೇಲೆ ಬಳುಕುತ್ತದೆ. ಆ ಬಳುಕೇ ಅದರ ಚೆಲುವು. ನಮ್ಮ ಕವಿರಾಜಮಾರ್ಗವು ಸುಮಾರು 850 ರಲ್ಲಿ ಹುಟ್ಟಿದ ಅಲಂಕಾರಗ್ರಂಥ. ಕಾವೇರಿಯಿಂದ ಗೋದಾವರಿಯವರೆಗೆ ಅದು ಎಣಿಸಿದ ನಾಡಿನೊಳಗೆ ನಮ್ಮ ನಾಂದಣಿಯೂ ಹುಪರಿಯೂ ಸೇರಿವೆ. ಆ ಗ್ರಂಥವನ್ನು ಮಕ್ಕಳಿಗೆ ಬರಿಯ ಗಡಿಯ ಸಾಕ್ಷಿಯಾಗಿ ಹೇಳುವ ನಾವು, ಕಟ್ಟಡದ ಶಾಸ್ತ್ರವಾಗಿ ಹೇಳುವುದು ಯಾವಾಗ?

ಇನ್ನು ಸ್ಫೂರ್ತಿಯ ಮಾತು. ಒಡವೆಯೆಂದರೆ ಶ್ರೀಮಂತಿಕೆ, ಅರಮನೆ ಎಂದು ತಿಳಿಯುವುದುಂಟು. ನಮ್ಮ ಭಾಗದ ಒಡವೆಗಳ ಹೆಸರುಗಳನ್ನು ಕೇಳಿರಿ: ಬೋರೆಹಣ್ಣಿನಂಥ ಗುಂಡುಗಳ ಬೋರಮಾಳ, ಜೋಳದ ಕಾಳಿನಂಥ ಮಣಿಗಳ ಜೋಂಧಳಿ ಪೋತ, ಅವಲಕ್ಕಿ ಸರ, ಮೊಗ್ಗಿನ ಜಡೆ, ಕೇದಗೆ, ನಾಗಮುರಿಗೆ, ಚಂದ್ರಹಾರ. ಹೊಲದ ಬದುವಿನ ಬೋರೆಗಿಡ, ಕಣದಲ್ಲಿಯ ಜೋಳ, ಹುತ್ತದ ಹಾವು, ಹುಣ್ಣಿಮೆಯ ಚಂದ್ರ, ಅಕ್ಕಸಾಲಿಗನು ಕಣ್ಣೆತ್ತಿದರೆ ಕಂಡದ್ದು ಇಷ್ಟೇ. ಉಣ್ಣುವ ಕಾಳನ್ನೇ ಅವನು ಕೊರಳಿಗೆ ಏರಿಸಿದನು. ಇದಲ್ಲದೆ, ನಮ್ಮ ತಾಲೂಕಿನ ಖಿದ್ರಾಪುರದ ಕೋಪೇಶ್ವರ ದೇವಾಲಯದ ಗೋಡೆಗಳ ಮೇಲೆ ಹನ್ನೆರಡನೆಯ ಶತಮಾನದ ಶಿಲ್ಪಿಗಳು ಕಂಡರಿಸಿದ ಕಂಠಾಭರಣಗಳನ್ನೂ ಕಟಿಸೂತ್ರಗಳನ್ನೂ ನೋಡಿದವರಿಗೆ, ಕಲ್ಲುಕೆಲಸದವನೂ ಬಂಗಾರದ ಕೆಲಸದವನೂ ಒಂದೇ ಬಳ್ಳಿಯ ಸುರುಳಿಯನ್ನು ಬರೆಯುತ್ತಿದ್ದರೆಂಬುದು ಥಟ್ಟನೆ ಹೊಳೆಯುತ್ತದೆ. ಆ ದೇವಾಲಯದ ಶಾಸನಗಳಲ್ಲಿ ಹೆಚ್ಚಿನವು ಕನ್ನಡದವು.

ಹಾಗಾದರೆ ಅಕ್ಕಸಾಲಿಗನಿಗೆ ಸ್ವಾತಂತ್ರ್ಯವುಂಟೇ? ಗಿರಾಕಿಯ ಅಪ್ಪಣೆ, ರೂಢಿಯ ಕಟ್ಟು, ತೂಕದ ಮಿತಿ ಇವುಗಳ ನಡುವೆ ಅವನ ಪ್ರತಿಭೆಗೆ ಎಡೆಯೆಲ್ಲಿ? ಕೊಲ್ಹಾಪುರಿ ಸಾಜವನ್ನು ನೋಡಿರಿ. ಅದರಲ್ಲಿ 21 ಪದಕಗಳು. ಹತ್ತು ದಶಾವತಾರಕ್ಕೆ, ಎಂಟು ಅಷ್ಟಮಂಗಲಕ್ಕೆ, ಎರಡು ಮಾಣಿಕ್ಯ ಪಚ್ಚೆಗಳಿಗೆ, ಉಳಿದದ್ದು ರಕ್ಷೆಗೆ ಎಂದು ಹೇಳುವುದು ವಾಡಿಕೆ. ಭಾಮಿನಿ ಷಟ್ಪದಿಯಲ್ಲಿ ಆರು ಪಾದಗಳಿಗೆ 102 ಮಾತ್ರೆಗಳು. ಆ ಲೆಕ್ಕದೊಳಗೇ ಕುಮಾರವ್ಯಾಸನು ಕುರುಕ್ಷೇತ್ರವನ್ನೆಲ್ಲ ನಡೆಸಿದನು. ಅದೇ ಲೆಕ್ಕದೊಳಗೆ ಹಲವರು ಬರಿಯ ಮಾತ್ರೆಗಳನ್ನು ಎಣಿಸಿ ಹೋದರು. ಕಟ್ಟು ಪ್ರತಿಭೆಯನ್ನು ಕೊಡದು, ಕೊಲ್ಲಲೂ ಆರದು. ಆದರೆ ಅಚ್ಚಿನ ವಿಷಯದಲ್ಲಿ ನಾವು ಅಕ್ಕಸಾಲೆಯನ್ನೂ ವಿಮರ್ಶಿಸಬೇಕಾಗುತ್ತದೆ. ಒಬ್ಬನು ಕಣ್ಣು ಸವೆಸಿ ಒಂದು ಅಚ್ಚನ್ನು ಕೊರೆಯುತ್ತಾನೆ. ಆ ಮೇಲೆ ಸಾವಿರ ಎಲೆಗಳು ಅದರಿಂದ ಬೀಳುತ್ತವೆ. ಮೊದಲನೆಯದು ಸೃಷ್ಟಿ, ಉಳಿದವು ಪ್ರತಿ. ಚಂದ್ರಮುಖಿ, ಕಮಲಾಕ್ಷಿ ಎಂದು ಇಂದಿಗೂ ಬರೆಯುವ ನಮ್ಮ ಪದ್ಯಕಾರರು ಯಾರೋ ಕೊರೆದ ಅಚ್ಚನ್ನು ಒತ್ತುತ್ತಿದ್ದಾರೆ. ಅಚ್ಚು ಒತ್ತುವವನಾದರೂ ತಾನು ಕವಿಯೆಂದು ಹೇಳಿಕೊಳ್ಳುವುದಿಲ್ಲ.

ನಮ್ಮ ದೊಡ್ಡ ಆಕ್ಷೇಪಣೆಯು ಸಾಹಿತ್ಯದ ಮೌನವನ್ನು ಕುರಿತದ್ದು. 1962 ರ ಯುದ್ಧದ ಬಳಿಕ 1963 ರ ಜನೇವರಿಯಲ್ಲಿ ಚಿನ್ನದ ನಿಯಂತ್ರಣ ಬಂದಿತು. 14 ಕ್ಯಾರೆಟ್ಟಿಗೆ ಮೀರಿದ ಒಡವೆಯನ್ನು ಮಾಡಕೂಡದೆಂದು ಕಟ್ಟಳೆಯಾಯಿತು. 22 ಕ್ಯಾರೆಟ್ಟಿನ ಬಂಗಾರದಲ್ಲಿ ಕೈ ಪಳಗಿದ್ದ ಲಕ್ಷಾಂತರ ಕುಟುಂಬಗಳ ಅಗ್ಗಿಷ್ಟಿಕೆಗಳು ಆರಿದವು. ಕೆಲವರು ಜೀವವನ್ನೇ ಕಳೆದುಕೊಂಡರು. 14 ಕ್ಯಾರೆಟ್ಟಿನ ಕಟ್ಟು 1966 ರಲ್ಲಿ ಸಡಿಲವಾದರೂ, 1968 ರ ಕಾಯಿದೆಯು ರದ್ದಾದದ್ದು 1990 ರಲ್ಲಿ. ನಾವು ಓದಿದ ಮತ್ತು ಕಲಿಸಿದ ಪಠ್ಯಗಳಲ್ಲಿ ಈ ದುಃಖದ ಒಂದು ಪಾಠವೂ ನಮ್ಮ ಕಣ್ಣಿಗೆ ಬಿದ್ದಿಲ್ಲ. ಆ ಗಾದೆ ಮಾತ್ರ ಪ್ರತಿವರ್ಷವೂ ಬಂದಿದೆ. ಇಂದು ಹುಪರಿಯ ಕೈಕೆಲಸಕ್ಕೆ ಯಂತ್ರದ ಸರಪಳಿಯ ಪೈಪೋಟಿ ಇದೆ. 2025 ರಲ್ಲಿ ಬೆಳ್ಳಿಯ ಬೆಲೆ ಕಿಲೋಗೆ ಒಂದು ಲಕ್ಷ ರೂಪಾಯಿಯನ್ನು ದಾಟಿ ಮೇಲೇರಿತು. ಬೆಳ್ಳಿ ಏರಿದಂತೆ ಕೂಲಿ ಏರುವುದಿಲ್ಲವೆಂದು ಆ ಹಿರಿಯರು ನಗುತ್ತ ಹೇಳಿದರು. ಅವರ ಎಡಗೈಯ ಹೆಬ್ಬೆರಳಿನ ತುದಿ ಸುಟ್ಟು ಗಟ್ಟಿಯಾಗಿತ್ತು.

ಮುಧೋಳದ ಬಳೆಗಾರರ ಮನೆತನದಲ್ಲಿ ಹುಟ್ಟಿದ ರನ್ನನು 993 ರ ಅಜಿತಪುರಾಣದಲ್ಲಿ ತನ್ನ ಕುಲವನ್ನು ಅಳುಕಿಲ್ಲದೆ ಹೇಳಿಕೊಂಡನು; ತನ್ನ ಕೃತಿಯನ್ನು ರತ್ನವೆಂದು ಕರೆದು ಪರೀಕ್ಷಕರಿಗೆ ಸವಾಲನ್ನೂ ಎಸೆದನು. ವಚನಕಾರರಲ್ಲಿ ಕಿನ್ನರಿ ಬೊಮ್ಮಯ್ಯನು ಮೊದಲು ಅಕ್ಕಸಾಲಿಗನಾಗಿದ್ದನೆಂದು ಸಂಪ್ರದಾಯ ಹೇಳುತ್ತದೆ. ಇವರ ಹೆಸರುಗಳನ್ನು ಪರೀಕ್ಷೆಗೆ ಬಾಯಿಪಾಠ ಮಾಡಿಸುವ ನಾವು, ಕಸುಬಿನವರ ಮಗನೊಬ್ಬನು ತನ್ನ ಮನೆಯ ಮಾತನ್ನು ಬರೆಯಲು ನಾಚುವಂತೆ ಮಾಡಿದೆವು. ಶಿಕ್ಷಕ ಬಂಧುಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ: ಗಾದೆಯನ್ನು ವಿಸ್ತರಿಸಲು ಹೇಳುವ ಮೊದಲು, ಆ ಗಾದೆ ಯಾರ ಮನೆಯ ಮೇಲೆ ಬೀಳುತ್ತದೆಂದು ತರಗತಿಯನ್ನೊಮ್ಮೆ ನೋಡಿರಿ.

ಹುಡುಗನು ಪ್ರಬಂಧವನ್ನು ಮತ್ತೆ ಬರೆದು ತಂದನು. ಜೊತೆಗೆ ತೂತು ಸವೆದ ಹಳೆಯ ಕಂಬಚ್ಚೊಂದನ್ನೂ ತಂದಿದ್ದನು. ಮಕ್ಕಳು ಅದನ್ನು ಕಣ್ಣಿಗೆ ಹಿಡಿದು ಒಂದೊಂದು ತೂತಿನಿಂದ ಕಿಟಕಿಯ ಬೆಳಕನ್ನು ನೋಡಿದರು. ಪ್ರಬಂಧದಲ್ಲಿ ಕಾಗುಣಿತದ ತಪ್ಪುಗಳು ಏಳು ಇದ್ದವು. ಕೆಂಪು ಶಾಯಿಯಿಂದ ತಿದ್ದಿದೆವು. 'ಕಂಬಚ್ಚು' ಎಂಬ ಶಬ್ದವನ್ನು ಮಾತ್ರ ಅವನು ಮೂರು ಕಡೆಯಲ್ಲಿಯೂ ಸರಿಯಾಗಿ ಬರೆದಿದ್ದನು. ನಾವು ಆ ಶಬ್ದವನ್ನು ಕಲಿತದ್ದು ಅವನ ಮನೆಯವರಿಂದ.